ರಾಜ್ಯದ ಗಡಿ ಅರಿಯದ ಪ್ಯಾಕೆಟ್ಟಿಗೆ ಯಾರ ಕಾನೂನು?

ಅಂತರ್ಜಾಲದಲ್ಲಿ ಓಡಾಡುವ ಪ್ರತಿಯೊಂದು ಪ್ಯಾಕೆಟ್ಟಿನ, ಅಂದರೆ ಮಾಹಿತಿಯ ಪುಟ್ಟ ತುಣುಕಿನ, ಮುಂದೆಯೂ ಲಕೋಟೆಯ ಮೇಲಿನ ವಿಳಾಸದಂಥ ಒಂದು ತಲೆಬರಹವಿರುತ್ತದೆ. ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವ ಐಪಿ ಎಂಬ ಅಂತರ್ಜಾಲ ಸಂವಹನ ನಿಯಮಾವಳಿಯ ನಾಲ್ಕನೆಯ ಆವೃತ್ತಿಯಲ್ಲಿ ಇದರ ಉದ್ದ ಕನಿಷ್ಠ 20 ಬೈಟ್. ಕಳುಹಿಸಿದವರ ವಿಳಾಸಕ್ಕೆ 4 ಬೈಟ್, ತಲುಪಬೇಕಾದ ವಿಳಾಸಕ್ಕೆ 4 ಬೈಟ್ ಮೀಸಲು. ಜೊತೆಗೆ, ಈ ಪ್ಯಾಕೆಟ್ಟನ್ನು ಬೇರೆಯವಕ್ಕಿಂತ ಮೊದಲು ಬಿಡಬೇಕೇ ಎಂದು ಗುರುತು ಹಾಕಲು 6 ಬಿಟ್‌ಗಳ ಪುಟ್ಟ ಜಾಗವೂ ಇದೆ. ರಾಜ್ಯದ ಹೆಸರು ಬರೆಯಲು ಮಾತ್ರ ಎಲ್ಲಿಯೂ ಜಾಗವಿಲ್ಲ. ಒಂದರ ಸಂಚಾರವನ್ನು ತಡೆಯದೆ, ನಿಧಾನಿಸದೆ, ಹಣ ಕೊಟ್ಟವರ ಪ್ಯಾಕೆಟ್ಟಿಗೆ ದಾರಿ ಬಿಟ್ಟುಕೊಡದೆ ಎಲ್ಲವನ್ನೂ ಸಮನಾಗಿ ಸಾಗಿಸಬೇಕೆಂಬ ನೆಟ್ ನ್ಯೂಟ್ರಾಲಿಟಿಯ ನಿಯಮವನ್ನು ಅಮೆರಿಕದಲ್ಲಿ ಫೆಡರಲ್ ಸರ್ಕಾರ ಮಾಡಬೇಕೋ ರಾಜ್ಯಗಳು ಮಾಡಬಹುದೋ ಎಂಬ ವ್ಯಾಜ್ಯ ಇಷ್ಟು ಜಟಿಲವಾಗಿರುವುದಕ್ಕೆ ಇದೂ ಒಂದು ಕಾರಣ.

ಹೊರಗಿನಿಂದ ನೋಡಿದರೆ ಇದು ಅಧಿಕಾರದ ಜಗಳ. ಒಳಹೊಕ್ಕರೆ ತಾಂತ್ರಿಕ ಪ್ರಶ್ನೆಯೊಂದು ಎದುರಾಗುತ್ತದೆ: ಅಂತರ್ಜಾಲ ಸಂಪರ್ಕ ಕೊಡುವ ಕಂಪನಿ ನಿಜವಾಗಿ ಮಾಡುವ ಕೆಲಸವೇನು? 1996ರ ದೂರಸಂಪರ್ಕ ಕಾಯ್ದೆ ಎರಡು ಪೆಟ್ಟಿಗೆಗಳನ್ನು ಮಾಡಿಟ್ಟಿದೆ. ಬಳಕೆದಾರ ಆರಿಸಿದ ಮಾಹಿತಿಯನ್ನು ಅವನು ಹೇಳಿದ ಕಡೆಗೆ, ರೂಪವನ್ನೂ ಒಳಗಿನ ವಿಷಯವನ್ನೂ ಬದಲಿಸದೆ ಮುಟ್ಟಿಸಿದರೆ ಅದು ದೂರಸಂಪರ್ಕ ಸೇವೆ. ಮಾಹಿತಿಯನ್ನು ಸಂಗ್ರಹಿಸುವ, ಸಂಸ್ಕರಿಸುವ, ಹುಡುಕಿ ತರುವ ಸಾಮರ್ಥ್ಯವನ್ನು ಒದಗಿಸಿದರೆ ಅದು ಮಾಹಿತಿ ಸೇವೆ. ಮೊದಲನೆಯದಕ್ಕೆ 1934ರ ಸಂವಹನ ಕಾಯ್ದೆಯ ಕಟ್ಟುನಿಟ್ಟಾದ ಎರಡನೆಯ ಅಧ್ಯಾಯ ಅನ್ವಯಿಸುತ್ತದೆ, ಎರಡನೆಯದಕ್ಕೆ ಹೆಚ್ಚಿನ ಅಂಕುಶವಿಲ್ಲ.

ಎರಡನೆಯ ಪೆಟ್ಟಿಗೆಯ ಪರವಾಗಿ ಮುಂದಿಡುವ ಮುಖ್ಯ ಸಾಕ್ಷ್ಯಗಳಲ್ಲಿ ಡಿಎನ್‌ಎಸ್ ಒಂದು. ನಾವು ಟೈಪ್ ಮಾಡಿದ ಜಾಲತಾಣದ ಹೆಸರನ್ನು ಯಂತ್ರಕ್ಕೆ ಬೇಕಾದ ಸಂಖ್ಯೆಯಾಗಿ ಬದಲಿಸಿಕೊಡುವ ಈ ವ್ಯವಸ್ಥೆ ಮಾಹಿತಿಯನ್ನು ಹುಡುಕಿ ತರುತ್ತದೆಯಾದ್ದರಿಂದ ಇಡೀ ಸಂಪರ್ಕವೇ ಮಾಹಿತಿ ಸೇವೆ ಎಂಬುದು ವಾದ. ಇದು ನನಗೆ ಒಪ್ಪಿಗೆಯಾಗುವುದಿಲ್ಲ. ಡಿಎನ್‌ಎಸ್ಸನ್ನು ಬೇರೊಬ್ಬರಿಂದ ಪಡೆದರೂ ಸಂಪರ್ಕ ನಡೆಯುತ್ತದೆ. ನಂಬರು ಹುಡುಕಿಕೊಟ್ಟ ಮಾತ್ರಕ್ಕೆ ಟೆಲಿಫೋನ್ ಕಂಪನಿ ಗ್ರಂಥಾಲಯವಾಗಿಬಿಡುವುದಿಲ್ಲ. 2005ರಲ್ಲಿ ಇದೇ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋದಾಗ ಬಹುಮತ, ಈ ಕ್ಷೇತ್ರದ ನಿಯಂತ್ರಕನಾದ ಫೆಡರಲ್ ಸಂವಹನ ಆಯೋಗದ ಮಾಹಿತಿ ಸೇವೆಯ ವ್ಯಾಖ್ಯಾನವನ್ನು ಎತ್ತಿಹಿಡಿಯಿತು. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ಪಿಜ್ಜಾ ಅಂಗಡಿಯ ಉದಾಹರಣೆ ಕೊಟ್ಟರು: ಪಿಜ್ಜಾವನ್ನು ಮನೆಗೆ ತಂದುಕೊಡುವ ಅಂಗಡಿಯವನು ತಾನು ತಂದುಕೊಡುವ ಸೇವೆಯನ್ನೇ ನೀಡುತ್ತಿಲ್ಲ ಎಂದರೆ ನಂಬುವವರು ಯಾರು?

ಆಯೋಗದಲ್ಲಿ ಬಹುಮತ ಬದಲಾದಂತೆ ಪೆಟ್ಟಿಗೆಯೂ ಬದಲಾಯಿತು. 2015ರ ಫೆಬ್ರವರಿಯಲ್ಲಿ 3-2 ಮತಗಳಿಂದ ಅಂತರ್ಜಾಲ ಸಂಪರ್ಕ ದೂರಸಂಪರ್ಕ ಸೇವೆಯಾಗಿ ನೆಟ್ ನ್ಯೂಟ್ರಾಲಿಟಿಯ ನಿಯಮಗಳಿಗೆ ಒಳಪಟ್ಟಿತು. 2017ರ ಡಿಸೆಂಬರಿನಲ್ಲಿ, ಕೊಂಕಣಿ ಮೂಲದ ಅಜಿತ್ ಪೈ ಅಧ್ಯಕ್ಷರಾಗಿದ್ದಾಗ, ಅದೇ 3-2ರಿಂದ ಮತ್ತೆ ಮಾಹಿತಿ ಸೇವೆಯಾಯಿತು. ಆದರೆ ಆ ಆದೇಶ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಾನು ಕೈಬಿಟ್ಟ ನಿಯಮಗಳನ್ನು ಯಾವ ರಾಜ್ಯವೂ ಮಾಡಕೂಡದೆಂದು ಕಟ್ಟಪ್ಪಣೆ ಹೊರಡಿಸಿತು. ರಾಜ್ಯಗಳು ಕೇಳಲಿಲ್ಲ. 2018ರ ಜನವರಿಯಲ್ಲಿ ಮೊಂಟಾನಾದ ರಾಜ್ಯಪಾಲರು ಸರ್ಕಾರಿ ಗುತ್ತಿಗೆ ಬೇಕಿದ್ದರೆ ಸಮಾನತೆ ಪಾಲಿಸಬೇಕೆಂದು ಆದೇಶಿಸಿದರು. ಮಾರ್ಚಿನಲ್ಲಿ ವಾಷಿಂಗ್ಟನ್ ರಾಜ್ಯ ಕಾಯ್ದೆಯನ್ನೇ ಮಾಡಿತು.

ಆ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಕಾಡ್ಗಿಚ್ಚಿನ ವಿರುದ್ಧ ಹೋರಾಡುತ್ತಿದ್ದ ಸಾಂತಾ ಕ್ಲಾರಾ ಕೌಂಟಿಯ ಅಗ್ನಿಶಾಮಕ ದಳದ ಸಮನ್ವಯ ವಾಹನವೊಂದರ ಡೇಟಾ ಮಿತಿ ಮುಗಿದು, ಸಂಪರ್ಕದ ವೇಗ ಮೊದಲಿನ ಇನ್ನೂರರಲ್ಲಿ ಒಂದು ಪಾಲಿಗೆ ಇಳಿಯಿತು. ಯಾವ ತಂಡ ಎಲ್ಲಿದೆ, ಯಾವುದನ್ನು ಎಲ್ಲಿಗೆ ಕಳುಹಿಸಬೇಕು ಎಂಬ ಲೆಕ್ಕವೆಲ್ಲ ಆ ವಾಹನದಲ್ಲೇ ನಡೆಯುತ್ತಿತ್ತು. ಕಟ್ಟುನಿಟ್ಟಾಗಿ ಹೇಳುವುದಾದರೆ ಇದು ಡೇಟಾ ಮಿತಿಯ ಸಮಸ್ಯೆ, ಒಂದು ಜಾಲತಾಣಕ್ಕೂ ಇನ್ನೊಂದಕ್ಕೂ ಮಾಡಿದ ಭೇದವಲ್ಲ. ಆದರೂ ದೂರು ಕೇಳಲು ಫೆಡರಲ್ ಮಟ್ಟದಲ್ಲಿ ಬಲವಾದ ನಿಯಂತ್ರಕನೇ ಉಳಿದಿಲ್ಲ ಎಂಬ ಮಾತಿಗೆ ಇದು ಜನರ ಕಣ್ಣೆದುರಿನ ನಿದರ್ಶನವಾಯಿತು. ಸೆಪ್ಟೆಂಬರ್ 30ರಂದು ಕ್ಯಾಲಿಫೋರ್ನಿಯಾ ತನ್ನ ಕಾಯ್ದೆಗೆ ಸಹಿ ಹಾಕಿತು. ಅದೇ ದಿನ ಫೆಡರಲ್ ನ್ಯಾಯ ಇಲಾಖೆ ಮೊಕದ್ದಮೆ ಹೂಡಿತು.

2019ರ ಅಕ್ಟೋಬರ್ 1ರಂದು ವಾಷಿಂಗ್ಟನ್ ಡಿ.ಸಿ.ಯ ಮೇಲ್ಮನವಿ ನ್ಯಾಯಾಲಯ ನೀಡಿದ ತೀರ್ಪಿನ ತರ್ಕ ಸೊಗಸಾಗಿದೆ. ನಿಯಮಗಳನ್ನು ರದ್ದುಗೊಳಿಸುವ ಅಧಿಕಾರ ಆಯೋಗಕ್ಕಿದೆ ಎಂದು ಅದು ಬಹುಮಟ್ಟಿಗೆ ಒಪ್ಪಿತು. ಆದರೆ ನಿಯಂತ್ರಿಸುವ ಅಧಿಕಾರ ತನಗಿಲ್ಲ ಎಂದ ಕ್ಷೇತ್ರದಲ್ಲಿ ರಾಜ್ಯಗಳನ್ನು ತಡೆಯುವ ಅಧಿಕಾರವೂ ಇಲ್ಲವೆಂದು ಆ ಕಟ್ಟಪ್ಪಣೆಯನ್ನು ತೆಗೆದುಹಾಕಿತು. ಕುದುರೆಯಿಂದ ಇಳಿದ ಮೇಲೆ ಲಗಾಮು ಮಾತ್ರ ಕೈಯಲ್ಲಿ ಉಳಿಯಬೇಕೆಂದರೆ ಹೇಗೆ? ಇನ್ನೊಂದು ಫೆಡರಲ್ ಮೇಲ್ಮನವಿ ನ್ಯಾಯಾಲಯವಾದ ಒಂಬತ್ತನೆಯ ಸರ್ಕಿಟ್ ನ್ಯಾಯಾಲಯವೂ 2022ರ ಜನವರಿಯಲ್ಲಿ ಇದೇ ದಾರಿ ಹಿಡಿದು ಕ್ಯಾಲಿಫೋರ್ನಿಯಾದ ಕಾಯ್ದೆಯನ್ನು ಉಳಿಸಿತು. ನಮ್ಮಲ್ಲಿ ಈ ಬಗೆಯ ಪ್ರಶ್ನೆ ಏಳದಿರುವುದಕ್ಕೆ ಕಾರಣ ಸರಳ: ಸಂವಿಧಾನದ ಕೇಂದ್ರ ಪಟ್ಟಿಯ 31ನೆಯ ನಮೂದು ದೂರವಾಣಿ ಮತ್ತು ನಿಸ್ತಂತು ಸಂವಹನವನ್ನು ಕೇಂದ್ರಕ್ಕೇ ಒಪ್ಪಿಸಿದೆ.

ಕಂಪನಿಗಳ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಐವತ್ತು ರಾಜ್ಯಗಳಿಗೆ ಐವತ್ತು ಬಗೆಯ ನಿಯಮವಾದರೆ ರೌಟರುಗಳನ್ನು ಹೊಂದಿಸುವ ಎಂಜಿನಿಯರಿಗೆ ತಲೆನೋವೇ. 2021ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಕಾಯ್ದೆ ಜಾರಿಗೆ ಬರುತ್ತಿದ್ದಂತೆ, ಜಾಲತಾಣದವರಿಂದ ಹಣ ಪಡೆದು ಗ್ರಾಹಕರ ಡೇಟಾ ಲೆಕ್ಕದಿಂದ ವಿನಾಯಿತಿ ಕೊಡುವ ತನ್ನ ಯೋಜನೆಯನ್ನು ಎಟಿ ಅಂಡ್ ಟಿ ನಿಲ್ಲಿಸಿತು. ಅಂತರ್ಜಾಲಕ್ಕೆ ರಾಜ್ಯಗಳ ಗಡಿ ಗೊತ್ತಿಲ್ಲವಾದ್ದರಿಂದ ಬೇರೆ ರಾಜ್ಯಗಳ ಗ್ರಾಹಕರಿಗೂ ಇದು ತಟ್ಟುತ್ತದೆ ಎಂದು ಅದು ವಿವರಣೆ ಕೊಟ್ಟಿತು. ಒಂದು ರಾಜ್ಯದ ಶಾಸನಸಭೆ ಹೀಗೆ ತನ್ನ ಮತದಾರರಲ್ಲದವರ ಫೋನಿನ ಮೇಲೂ ಪರಿಣಾಮ ಬೀರಿತು.

2024ರ ಏಪ್ರಿಲ್‌ನಲ್ಲಿ ಆಯೋಗ ಮತ್ತೊಮ್ಮೆ, ಮತ್ತೆ 3-2ರಿಂದಲೇ, ಹಳೆಯ ನಿಯಮಗಳನ್ನು ಮರಳಿ ತಂದಿತು. ಆದರೆ ಅದರ ಬೆನ್ನಲ್ಲೇ ನೆಲವೇ ಕದಲಿತು: ಅಸ್ಪಷ್ಟ ಕಾಯ್ದೆಯ ಅರ್ಥವನ್ನು ಹೇಳುವಲ್ಲಿ ಸರ್ಕಾರಿ ಸಂಸ್ಥೆಗಳ ಮಾತಿಗೆ ಮಣಿಯಬೇಕಿಲ್ಲವೆಂದು ಸುಪ್ರೀಂ ಕೋರ್ಟ್ ಅದೇ ವರ್ಷದ ಜೂನ್‌ನಲ್ಲಿ ತೀರ್ಪಿತ್ತಿತು. 2025ರ ಜನವರಿ 2ರಂದು ಆರನೆಯ ಸರ್ಕಿಟ್ ನ್ಯಾಯಾಲಯ ಕಾಯ್ದೆಯನ್ನು ತಾನೇ ಓದಿ, ಅಂತರ್ಜಾಲ ಸಂಪರ್ಕ ಮಾಹಿತಿ ಸೇವೆಯೇ ಎಂದು ಆಯೋಗದ ಆದೇಶವನ್ನು ರದ್ದುಮಾಡಿತು. ಕ್ಯಾಲಿಫೋರ್ನಿಯಾದ ಕಾಯ್ದೆಯನ್ನು ಈ ತೀರ್ಪು ಮುಟ್ಟಲಿಲ್ಲ. ಹಿಂದಿನ ಎರಡು ತೀರ್ಪುಗಳ ತರ್ಕದಲ್ಲಿ ನೋಡಿದರೆ, ಫೆಡರಲ್ ನಿಯಮಗಳ ವಿರುದ್ಧ ಕಂಪನಿಗಳು ಗಳಿಸಿದ ಈ ಗೆಲುವೇ ರಾಜ್ಯಗಳ ಕೈಯನ್ನು ಇನ್ನಷ್ಟು ಬಲಪಡಿಸಿದೆ.