ಬೀಗದ ಕೈ ಯಾರ ಬಳಿ? ಹಳ್ಳಿ ಗ್ರಂಥಾಲಯ ‘ಅರಿವು ಕೇಂದ್ರ’ವಾದ ಕಥೆ

ಮನೆ ಕಂದಾಯದ ರಸೀದಿಯನ್ನು ಒಮ್ಮೆ ತೆಗೆದು ನೋಡಿ. ಕಂದಾಯದ ಮೊತ್ತದ ಕೆಳಗೆ ಸಣ್ಣ ಅಕ್ಷರಗಳಲ್ಲಿ ಒಂದಷ್ಟು ಬಾಲಗಳಿರುತ್ತವೆ. ಆರೋಗ್ಯ ಕರ, ಭಿಕ್ಷುಕರ ಕರ, ಅವುಗಳ ನಡುವೆ ಗ್ರಂಥಾಲಯ ಕರ. ನೂರು ರೂಪಾಯಿ ಕಂದಾಯಕ್ಕೆ ಆರು ರೂಪಾಯಿ. ಓದುವವರೂ ಕೊಡುತ್ತಾರೆ, ಓದದವರೂ ಕೊಡುತ್ತಾರೆ. ಈ ಆರು ರೂಪಾಯಿ ಯಾರ ಖಾತೆಗೆ ಹೋಗಬೇಕು, ಅದರಿಂದ ಪುಸ್ತಕ ಕೊಳ್ಳಬೇಕೋ ಬಾಗಿಲು ತೆರೆಯುವವರಿಗೆ ಸಂಬಳ ಕೊಡಬೇಕೋ ಎಂಬ ಪ್ರಶ್ನೆಯ ಸುತ್ತಲೇ ನಮ್ಮ ಹಳ್ಳಿ ಗ್ರಂಥಾಲಯಗಳ ಅರ್ಧ ಚರಿತ್ರೆ ಸುತ್ತಿಕೊಂಡಿದೆ. ಈಚಿನ ವರ್ಷಗಳಲ್ಲಿ ಗಂಟು ಇನ್ನಷ್ಟು ಬಿಗಿದಿದೆ. ಗ್ರಂಥಾಲಯ ಒಂದು ಇಲಾಖೆಯಿಂದ ಇನ್ನೊಂದಕ್ಕೆ ಹೋಯಿತು, ಹೆಸರು ಬದಲಾಯಿತು, ಗೋಡೆಗೆ ಬಣ್ಣ ಬಂತು, ಮಕ್ಕಳು ಬಂದರು, ಮೇಲ್ವಿಚಾರಕರು ಧರಣಿ ಕೂತರು. ಇವೆಲ್ಲ ಒಂದರ ಮೇಲೊಂದು ನಡೆದದ್ದರಿಂದ ಯಾವುದು ಯಾವುದಕ್ಕೆ ಕಾರಣ ಎಂದು ಹಳ್ಳಿಯಲ್ಲಿರುವವರಿಗೂ ಸ್ಪಷ್ಟವಿಲ್ಲ.

ಏಕೀಕರಣಕ್ಕೆ ಮುಂಚಿನ ಕಥೆ ಒಂದೇ ಅಲ್ಲ, ನಾಲ್ಕಾರು. ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲೇ ಸಾರ್ವಜನಿಕ ಗ್ರಂಥಾಲಯವಿತ್ತು. ಕಬ್ಬನ್ ಉದ್ಯಾನದ ಕೆಂಪು ಕಟ್ಟಡದಲ್ಲಿ ಇಂದಿಗೂ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಮೈಸೂರು ಸಂಸ್ಥಾನದ ಹಳ್ಳಿಗಳಿಗೆ 1940ರ ದಶಕದಲ್ಲಿ ವಯಸ್ಕರ ಶಿಕ್ಷಣ ಸಮಿತಿ ಪುಸ್ತಕ ಕಳಿಸುತ್ತಿತ್ತು. ಧಾರವಾಡದ ಕಡೆ ಅದನ್ನು ವಾಚನಾಲಯ ಎನ್ನುತ್ತಿದ್ದರು, ಇಂದಿಗೂ ಹಿರಿಯರು ಹಾಗೆಯೇ ಎನ್ನುತ್ತಾರೆ. ದಕ್ಷಿಣ ಕನ್ನಡವು ಮದ್ರಾಸಿನ 1948ರ ಗ್ರಂಥಾಲಯ ಕಾಯ್ದೆಯ ಕೆಳಗಿತ್ತು, ಕಲಬುರಗಿ ಕಡೆಯವರಿಗೆ ಹೈದರಾಬಾದಿನ 1955ರ ಕಾಯ್ದೆ. ಇವೆಲ್ಲವನ್ನೂ ಒಂದು ದಾರಕ್ಕೆ ಪೋಣಿಸಿದ್ದು 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ. ಮರುವರ್ಷ ಇಲಾಖೆಯೇ ಹುಟ್ಟಿತು. ಗ್ರಂಥಾಲಯ ಶಾಸ್ತ್ರಕ್ಕೆ ಐದು ಸೂತ್ರಗಳನ್ನು ಕೊಟ್ಟ ಎಸ್.ಆರ್. ರಂಗನಾಥನ್ ಆಗ ಬೆಂಗಳೂರಿನಲ್ಲೇ ನೆಲೆಸಿದ್ದರು. ಪುಸ್ತಕ ಇರುವುದು ಬಳಸಲಿಕ್ಕೆ ಎಂಬುದು ಅವರ ಮೊದಲ ಸೂತ್ರ. ಅದನ್ನು ನೆನಪಿಟ್ಟುಕೊಂಡು ಮುಂದಕ್ಕೆ ಓದಿ.

ಕಾಯ್ದೆಯ ಕಣ್ಣು ಮೊದಲಿಗೆ ಪಟ್ಟಣಗಳ ಮೇಲಿತ್ತು. ಜಿಲ್ಲೆಗೊಂದು ಕೇಂದ್ರ ಗ್ರಂಥಾಲಯ, ದೊಡ್ಡ ಊರುಗಳಿಗೆ ನಗರ ಗ್ರಂಥಾಲಯ, ಸೋಮವಾರ ರಜೆ. ಹಳ್ಳಿಗೆ ಗ್ರಂಥಾಲಯ ಲೆಕ್ಕ ಹಿಡಿದು ಬರಲು ಪಂಚಾಯತ್ ರಾಜ್ ವ್ಯವಸ್ಥೆಯೇ ಬರಬೇಕಾಯಿತು. 1987ರಲ್ಲಿ ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು, 1993ರ ಕಾಯ್ದೆಯಿಂದ ಅವು ಗ್ರಾಮ ಪಂಚಾಯಿತಿಗಳಾದವು. ಬರಬರುತ್ತಾ ಪಂಚಾಯಿತಿಗೊಂದು ಗ್ರಂಥಾಲಯ ಎಂಬುದು ಕಾಗದದ ಮೇಲಾದರೂ ನಿಯಮವಾಯಿತು.

ನಾನು ಬಲ್ಲ ಗ್ರಂಥಾಲಯ ಆ ಕಾಲದ್ದು. ಒಂದೇ ಕೋಣೆ. ಹಳೆಯ ಚಾವಡಿಯ ಪಕ್ಕಕ್ಕೆ ಒತ್ತಿಕೊಂಡಂತೆ ಇತ್ತು, ಮಳೆಗಾಲದಲ್ಲಿ ಒಂದು ಮೂಲೆ ಸೋರುತ್ತಿತ್ತು. ಒಂದು ಉದ್ದನೆಯ ಮೇಜು, ಎರಡು ಬೆಂಚು, ಗೋಡೆಗೆ ಆನಿಸಿ ನಿಲ್ಲಿಸಿದ ಎರಡು ಕಬ್ಬಿಣದ ಬೀರು. ಬೀರುಗಳಿಗೆ ಬೀಗ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಬಾಗಿಲು ತೆರೆಯುತ್ತಿತ್ತು. ಬೆಳಗಿನ ಹೊತ್ತಿಗೆ ನಾವು ಶಾಲೆಗೆ ಹೊರಟಿರುತ್ತಿದ್ದೆವು, ಸಂಜೆಯ ಹೊತ್ತಿಗೆ ಬೆಂಚಿನ ತುಂಬ ದೊಡ್ಡವರು. ಒಂದೇ ದಿನಪತ್ರಿಕೆಯನ್ನು ನಾಲ್ಕು ಭಾಗ ಮಾಡಿ ನಾಲ್ವರು ಓದುತ್ತಿದ್ದರು, ಐದನೆಯವರು ಕಾಯುತ್ತಿದ್ದರು. ಹೆಂಗಸರು ಆ ಹೊಸ್ತಿಲು ದಾಟಿದ್ದನ್ನು ನಾನು ನೋಡಿದ ನೆನಪಿಲ್ಲ. ಮಕ್ಕಳು ಒಳಗೆ ಹೆಜ್ಜೆ ಇಟ್ಟರೆ ‘ಏನ್ರೋ, ಇಲ್ಲೇನು ಕೆಲಸ’ ಎಂಬ ಮಾತು ಮೊದಲು ಬರುತ್ತಿತ್ತು. ಸದಸ್ಯರಾಗಬೇಕಾದರೆ ಠೇವಣಿ ಕಟ್ಟಬೇಕು. ಅಪ್ಪನ ಬಳಿ ಆ ದುಡ್ಡು ಕೇಳುವ ಧೈರ್ಯ ನನಗಿರಲಿಲ್ಲ.

ಬೀರುವಿಗೆ ಬೀಗ ಯಾಕೆ ಎಂದು ಬಹಳ ವರ್ಷಗಳ ನಂತರ ಅಲ್ಲಿದ್ದ ಮೇಲ್ವಿಚಾರಕರನ್ನೇ ಕೇಳಿದ್ದೆ. ‘ಪುಸ್ತಕ ಕಳೆದರೆ ಕಟ್ಟಿಕೊಡಬೇಕಾದವನು ನಾನು. ನನಗೆ ಬರುತ್ತಿದ್ದ ಗೌರವಧನದಲ್ಲಿ ಎಷ್ಟು ಪುಸ್ತಕ ಕಟ್ಟಿಕೊಡಲಿ?’ ಎಂದರು. ಬೀಗದ ಹಿಂದೆ ಜಿಪುಣತನವಿರಲಿಲ್ಲ, ಲೆಕ್ಕಾಚಾರವಿತ್ತು. ಅವರು ಅರೆಕಾಲಿಕ ನೌಕರರು, ನೌಕರರು ಎನ್ನುವುದೂ ತಪ್ಪೇ, ಏಕೆಂದರೆ ಕೈಗೆ ಬರುತ್ತಿದ್ದದ್ದು ಸಂಬಳವಲ್ಲ, ಗೌರವಧನ. ನೂರರ ಲೆಕ್ಕದಲ್ಲಿ ಶುರುವಾಗಿ ಸಾವಿರದ ಲೆಕ್ಕ ಮುಟ್ಟಲು ಅದಕ್ಕೆ ವರ್ಷಗಳೇ ಹಿಡಿದವು. ಗ್ರಂಥಾಲಯ ಮುಚ್ಚಿದ ಮೇಲೆ ಅವರು ಹೊಲಕ್ಕೆ ಹೋಗುತ್ತಿದ್ದರು.

ಇನ್ನು ಆ ಬೀರುವಿನೊಳಗೆ ಇದ್ದದ್ದು ಏನು? ಇದು ಕನ್ನಡ ಪುಸ್ತಕ ಲೋಕದ ಗುಟ್ಟೇನಲ್ಲ. ಗ್ರಂಥಾಲಯ ಇಲಾಖೆಯೇ ಕನ್ನಡ ಪ್ರಕಾಶಕರ ಬಲು ದೊಡ್ಡ ಗಿರಾಕಿ. ಆಯ್ಕೆ ಸಮಿತಿ ಒಪ್ಪಿದ ಪುಸ್ತಕಗಳ ನೂರಾರು ಪ್ರತಿಗಳು ಸಗಟು ಖರೀದಿಯಾಗುತ್ತವೆ, ಬೆಲೆ ಪುಟದ ಲೆಕ್ಕದಲ್ಲಿ ಕಟ್ಟಲಾಗುತ್ತದೆ. ಪುಟಕ್ಕೆ ಇಷ್ಟು ಪೈಸೆ ಎಂಬ ದರ ಏರಿದರೆ ಪ್ರಕಾಶಕರಿಗೆ ಹಬ್ಬ, ಖರೀದಿ ವರ್ಷಗಟ್ಟಲೆ ನಿಂತರೆ ಗೋಳು. ಈ ಖರೀದಿ ಇಲ್ಲದಿದ್ದರೆ ಎಷ್ಟೋ ಒಳ್ಳೆಯ ಪುಸ್ತಕಗಳು ಅಚ್ಚನ್ನೇ ಕಾಣುತ್ತಿರಲಿಲ್ಲ ಎಂಬುದು ನಿಜ. ಹಳ್ಳಿಯ ಬೀರುವಿಗೆ ಬಂದು ಬೀಳುವ ಪುಸ್ತಕವನ್ನು ಆ ಹಳ್ಳಿಯ ಯಾರೂ ಕೇಳಿರಲಿಲ್ಲ ಎಂಬುದೂ ಅಷ್ಟೇ ನಿಜ. ಮಕ್ಕಳ ಪುಸ್ತಕ ಹುಡುಕಿದರೆ ನಾಲ್ಕು ಸಿಗುತ್ತಿದ್ದವು, ಯಾರದೋ ಅಭಿನಂದನ ಗ್ರಂಥಗಳಿಗೆ ಮಾತ್ರ ಕೊರತೆ ಇರಲಿಲ್ಲ.

ಹಣದ ದಾರಿಯೂ ಅಂಕುಡೊಂಕು. ಕರವನ್ನು ವಸೂಲು ಮಾಡುವುದು ಸ್ಥಳೀಯ ಸಂಸ್ಥೆ, ಖರ್ಚು ಮಾಡುವುದು ಗ್ರಂಥಾಲಯ ಪ್ರಾಧಿಕಾರ. ನಡುವೆ ಒಂದು ಕಾಲುವೆ ಇರಬೇಕು, ಆ ಕಾಲುವೆಯಲ್ಲಿ ನೀರು ಇಂಗುತ್ತಲೇ ಬಂದಿದೆ. ನಗರಗಳಲ್ಲಿ ವಸೂಲಾದ ಗ್ರಂಥಾಲಯ ಕರದ ಬಾಕಿ ಕೋಟಿಗಳ ಲೆಕ್ಕದಲ್ಲಿ ಬೆಳೆದು ಆಗಾಗ ವಿಧಾನಮಂಡಲದ ಪ್ರಶ್ನೋತ್ತರದವರೆಗೂ ಹೋಗುತ್ತದೆ. ಹಳ್ಳಿಗಳಲ್ಲಿ ಮನೆ ಕಂದಾಯವೇ ಪೂರ್ತಿ ವಸೂಲಾಗದು, ಅದರ ನೂರಕ್ಕೆ ಆರರ ಮಾತೇನು!

2019ರಲ್ಲಿ ಸರ್ಕಾರ ಗ್ರಾಮ ಪಂಚಾಯಿತಿ ಮಟ್ಟದ 5,600ಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ಬಿಡಿಸಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಒಪ್ಪಿಸಿತು. ಆಗ ಅನುಮಾನಪಟ್ಟವರೇ ಹೆಚ್ಚು. ಪುಸ್ತಕ ಬಲ್ಲವರ ಕೈಯಿಂದ ಚರಂಡಿ, ರಸ್ತೆ ನೋಡಿಕೊಳ್ಳುವವರ ಕೈಗೆ ಹೋಯಿತಲ್ಲ ಎಂದರು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಪಂಚಾಯಿತಿಯ ಬಳಿ ಗ್ರಂಥಾಲಯ ಇಲಾಖೆಗೆ ಇಲ್ಲದ ಒಂದು ಅನುಕೂಲವಿತ್ತು. ಸೋರುವ ಮಾಳಿಗೆಯನ್ನು ಅದು ಯಾರಿಗೂ ಪತ್ರ ಬರೆಯದೆ ದುರಸ್ತಿ ಮಾಡಬಹುದಿತ್ತು.

ಅಷ್ಟರಲ್ಲಿ ಕೊರೊನಾ ಬಂತು, ಶಾಲೆಗಳು ಮುಚ್ಚಿದವು. ಮೊಬೈಲ್ ಇಲ್ಲದ ಮನೆಯ ಮಕ್ಕಳಿಗೆ ಊರಿನಲ್ಲಿ ಅಕ್ಷರ ಕಾಣುವ ಜಾಗವೇ ಇಲ್ಲವಾಯಿತು. 2020ರ ನವೆಂಬರಿನಲ್ಲಿ ಮಕ್ಕಳ ದಿನಾಚರಣೆಯ ಹೊತ್ತಿಗೆ ‘ಓದುವ ಬೆಳಕು’ ಎಂಬ ಅಭಿಯಾನ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ ಎಂದು ಆದೇಶ ಬಂತು. ನನಗೆ ಈ ಇಡೀ ಚರಿತ್ರೆಯಲ್ಲಿ ಅತಿ ದೊಡ್ಡ ಸಂಗತಿ ಇದೇ ಅನ್ನಿಸುತ್ತದೆ. ಠೇವಣಿ ಹೋಯಿತು, ಅದರ ಜೊತೆಗೆ ‘ಇಲ್ಲೇನು ಕೆಲಸ’ ಎಂಬ ಮಾತೂ ಹೋಯಿತು. ಲಕ್ಷಾಂತರ ಮಕ್ಕಳು ಹೆಸರು ಬರೆಸಿದರು. ಬೀರುವಿನ ಬಾಗಿಲು ತೆಗೆದು ಪುಸ್ತಕಗಳನ್ನು ಕೈಗೆಟಕುವ ಕಪಾಟಿನಲ್ಲಿ ಇಟ್ಟರು. ಕೆಲವು ಕಡೆ ಪುಸ್ತಕ ಕೊಡಿ ಎಂದು ಜೋಳಿಗೆ ಹಿಡಿದು ಮನೆ ಮನೆ ಸುತ್ತಿದರು. ಗೋಡೆಗಳ ಮೇಲೆ ಮರ, ಹಕ್ಕಿ, ವರ್ಣಮಾಲೆ ಮೂಡಿದವು. ಬಳಿಕ ಕಂಪ್ಯೂಟರ್, ಟಿವಿ ಬಂದು ಬೋರ್ಡಿನ ಮೇಲೆ ‘ಗ್ರಾಮ ಪಂಚಾಯಿತಿ ಗ್ರಂಥಾಲಯ ಮತ್ತು ಮಾಹಿತಿ ಕೇಂದ್ರ’ ಎಂದು ಬರೆಸಲಾಯಿತು. ಮುಂದೆ ಅದೇ ‘ಅರಿವು ಕೇಂದ್ರ’. ಎಲ್ಲ ಊರಿನಲ್ಲೂ ಹೀಗಾಯಿತು ಎಂದಲ್ಲ. ಬೋರ್ಡು ಮಾತ್ರ ಬದಲಾದ ಊರುಗಳೂ ಇವೆ, ಅಲ್ಲಿ ಕಂಪ್ಯೂಟರಿಗೆ ಹೊದಿಸಿದ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ತೆಗೆದಿಲ್ಲ.

ಕೆಲಸ ಹೆಚ್ಚಿತು. ಮೊದಲು ಪತ್ರಿಕೆ ಹರಡಿ ಕೂತರೆ ಸಾಕಿತ್ತು. ಈಗ ಕಥೆ ಹೇಳಬೇಕು, ಚೆಸ್ ಆಡಿಸಬೇಕು, ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಕು, ವರದಿ ಕಳಿಸಬೇಕು. ನಾಲ್ಕು ಗಂಟೆಯ ಕೆಲಸ ಬೆಳೆದು ದಿನದ ದೊಡ್ಡ ಪಾಲನ್ನು ನುಂಗಿತು. ಹಾಗಾದರೆ ಕನಿಷ್ಠ ವೇತನ ಕೊಡಿ ಎಂದು ಮೇಲ್ವಿಚಾರಕರು ಕೇಳಿದ್ದು ಸಹಜ. ಸಿಕ್ಕ ಉತ್ತರ ಮಾತ್ರ ನೇರವಾಗಿರಲಿಲ್ಲ. ಒಂದು ಪಾಲು ಸರ್ಕಾರದ ಅನುದಾನದಿಂದ, ಉಳಿದ ಪಾಲು ಪಂಚಾಯಿತಿ ವಸೂಲು ಮಾಡಿದ ಗ್ರಂಥಾಲಯ ಕರದಿಂದ. ಅಂದರೆ ಪಟ್ಟಣದ ಮಗ್ಗುಲಲ್ಲಿದ್ದು ಕಾರ್ಖಾನೆ, ಬಡಾವಣೆಗಳಿರುವ ಪಂಚಾಯಿತಿಯ ಮೇಲ್ವಿಚಾರಕರಿಗೆ ಹಣ ತಲುಪುವ ಸಾಧ್ಯತೆ ಹೆಚ್ಚು. ಕಂದಾಯವೇ ಬಾರದ ಒಣ ಊರಿನವರು ತಿಂಗಳುಗಟ್ಟಲೆ ಕಾಯಬೇಕು. ರಸೀದಿಯ ಆ ಆರು ರೂಪಾಯಿ ಪುಸ್ತಕಕ್ಕೋ ಸಂಬಳಕ್ಕೋ ಎಂಬ ಹಳೆಯ ಪ್ರಶ್ನೆ ಹೀಗೆ ಪಂಚಾಯಿತಿಯ ಮೇಜಿನ ಮೇಲೆ ಬಂದು ಕೂತಿದೆ. ಪಿಡಿಒ ಆದೇಶ ತೋರಿಸುತ್ತಾರೆ, ಅಧ್ಯಕ್ಷರು ಖಾತೆ ತೋರಿಸುತ್ತಾರೆ, ಇಬ್ಬರೂ ತೋರಿಸುತ್ತಿರುವುದು ಸರಿಯೇ.

ಜೊತೆಗೆ ಹೊಸ ಓದುಗರೂ ಬಂದಿದ್ದಾರೆ. ಪದವಿ ಮುಗಿಸಿ ಎಫ್‌ಡಿಎ, ಎಸ್‌ಡಿಎ, ಪೊಲೀಸ್ ಪರೀಕ್ಷೆಗಳಿಗೆ ಕೂತಿರುವ ಹುಡುಗ ಹುಡುಗಿಯರು. ಇವರ ಅಣ್ಣಂದಿರು ಧಾರವಾಡದ ಸಪ್ತಾಪುರಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗಿ, ಕೋಣೆ ಬಾಡಿಗೆ ಹಿಡಿದು, ಓದುವ ಕುರ್ಚಿಗೂ ತಿಂಗಳ ಬಾಡಿಗೆ ಕೊಟ್ಟವರು. ಹೆಣ್ಣುಮಕ್ಕಳನ್ನು ಅಷ್ಟು ದೂರ ಕಳಿಸುವ ಮನೆಗಳು ಕಡಿಮೆ. ಊರಲ್ಲೇ ಒಂದು ಮೇಜು, ಫ್ಯಾನು, ಪ್ರಚಲಿತ ವಿದ್ಯಮಾನಗಳ ಮಾಸಿಕಗಳು ಸಿಕ್ಕರೆ ಅವರಿಗೆ ಅದು ಸಣ್ಣ ಸಂಗತಿಯಲ್ಲ. ಇವರು ಕೇಳುವುದು ಎರಡೇ: ಸದ್ದಿಲ್ಲದ ಜಾಗ, ರಾತ್ರಿ ಒಂಬತ್ತರವರೆಗೆ ಬಾಗಿಲು. ಅದೇ ಕೋಣೆಯಲ್ಲಿ ಸಂಜೆ ಐದಕ್ಕೆ ಮಕ್ಕಳಿಗೆ ಕಥೆಯ ಹೊತ್ತು. ರಾತ್ರಿ ಒಂಬತ್ತರವರೆಗೆ ಬಾಗಿಲು ಕಾಯುವವರ ಲೆಕ್ಕ ಯಾವ ಆದೇಶದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ನಮ್ಮೂರಿನ ಕೇಂದ್ರಕ್ಕೆ ಹೋದ ತಿಂಗಳು ಹೋಗಿದ್ದೆ. ಹಳೆಯ ಬೀರುಗಳು ಇನ್ನೂ ಇವೆ, ಬಾಗಿಲು ಕಿತ್ತು ನೀಲಿ ಬಣ್ಣ ಹೊಡೆದಿದ್ದಾರೆ. ಈಗಿನ ಮೇಲ್ವಿಚಾರಕಿ ಕೇಂದ್ರದ ಒಂದು ಬೀಗದ ಕೈಯನ್ನು ಪರೀಕ್ಷೆಗೆ ಓದುತ್ತಿರುವ ಹುಡುಗಿಯೊಬ್ಬಳ ಕೈಗೆ ಕೊಟ್ಟಿದ್ದಾರೆ. ಏಳು ಗಂಟೆಗೆ ಇವರು ಮನೆಗೆ ಹೋಗುತ್ತಾರೆ, ಓದು ಮುಗಿದ ಮೇಲೆ ಅವಳು ಬಾಗಿಲು ಹಾಕುತ್ತಾಳೆ. ಇದಕ್ಕೆ ನಿಯಮವಿದೆಯೇ ಎಂದು ಕೇಳಿದೆ. ‘ಯಾರೂ ಕೇಳಿಲ್ಲ ಸರ್, ನೀವೇ ಮೊದಲು’ ಎಂದರು.