ರೂಟರ್‌ನಲ್ಲಿ ಪೋರ್ಟ್ ತೆರೆದರೂ ಮನೆಯ ಸರ್ವರ್ ಹೊರಗಿನಿಂದ ಸಿಗದಿರುವುದೇಕೆ?

ಓದುಗರ ಪ್ರಶ್ನೆ: ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ ಅದರಲ್ಲಿ ನೆಕ್ಸ್ಟ್‌ಕ್ಲೌಡ್ (ಕಡತ, ಫೋಟೊ ಇಡಲು) ಮತ್ತು ಜೆಲ್ಲಿಫಿನ್ (ಸಿನಿಮಾ, ಹಾಡುಗಳಿಗೆ) ನಡೆಸುತ್ತಿದ್ದೇನೆ. ಮನೆಯ ವೈಫೈನಲ್ಲಿ ಇರುವಷ್ಟು ಹೊತ್ತು ಎರಡೂ ಚೆನ್ನಾಗಿ ಕೆಲಸ ಮಾಡುತ್ತವೆ. ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿದ್ದರೂ ಮೊಬೈಲ್ ಡೇಟಾಕ್ಕೆ ಬದಲಾಯಿಸಿದ ಕೂಡಲೇ ಯಾವುದೂ ತೆರೆಯುವುದಿಲ್ಲ. ತಪ್ಪು ಎಲ್ಲಿದೆ?

ಉತ್ತರ: ನಿಮ್ಮ ಸೆಟ್ಟಿಂಗ್‌ಗಳಲ್ಲಿ ಯಾವ ತಪ್ಪೂ ಇಲ್ಲದೆ ಹೀಗಾಗುವುದುಂಟು. ಪೋರ್ಟ್ ಫಾರ್ವರ್ಡಿಂಗ್ ಎಂದರೆ, ರೂಟರ್‌ಗೆ ಬಂದು ಮುಟ್ಟಿದ ಪ್ಯಾಕೆಟ್ಟನ್ನು, ಅಂದರೆ ದತ್ತಾಂಶದ ತುಣುಕನ್ನು, ಒಳಗಿನ ಯಾವ ಯಂತ್ರಕ್ಕೆ ಕಳಿಸಬೇಕೆಂದು ಹೇಳುವ ಒಂದು ನಿಯಮ, ಅಷ್ಟೆ. ಪ್ಯಾಕೆಟ್ ರೂಟರ್‌ವರೆಗೆ ಬರುವುದೇ ಇಲ್ಲವಾದರೆ ನಿಯಮ ಎಷ್ಟು ಸರಿಯಾಗಿದ್ದರೂ ಪ್ರಯೋಜನವಿಲ್ಲ. ಆದ್ದರಿಂದ ಸರ್ವರ್‌ನ ಸೆಟ್ಟಿಂಗ್‌ಗಳನ್ನು ಮತ್ತೆ ಮತ್ತೆ ಬದಲಾಯಿಸುವ ಮುನ್ನ, ನಿಮ್ಮ ರೂಟರ್‌ಗೆ ಅಂತರ್ಜಾಲದಿಂದ ನೇರವಾಗಿ ತಲುಪಬಹುದಾದ ನಿಜವಾದ ಪಬ್ಲಿಕ್ ಐಪಿ ವಿಳಾಸ ಸಿಕ್ಕಿದೆಯೇ ಎಂಬುದನ್ನು ನೋಡಬೇಕು.

ಪರೀಕ್ಷೆ ಸರಳವಾದದ್ದು. ರೂಟರ್‌ನ ಆಡಳಿತ ಪುಟದಲ್ಲಿ ವ್ಯಾನ್ ಅಥವಾ ಇಂಟರ್ನೆಟ್ ಸ್ಥಿತಿ ಎಂಬ ವಿಭಾಗವಿರುತ್ತದೆ. ಅಲ್ಲಿ ಕಾಣುವ ಐಪಿವಿ4 ವಿಳಾಸವನ್ನು ಬರೆದಿಟ್ಟುಕೊಳ್ಳಿ. ಅನಂತರ, ನಿಮ್ಮ ಐಪಿ ಯಾವುದೆಂದು ತಿಳಿಸುವ ಯಾವುದಾದರೂ ಜಾಲತಾಣವನ್ನು ಅದೇ ಮನೆಯ ಸಂಪರ್ಕದಿಂದ ತೆರೆದು, ಅದು ತೋರಿಸುವ ವಿಳಾಸದೊಡನೆ ಹೋಲಿಸಿ. ಎರಡೂ ಒಂದೇ ಆಗಿದ್ದರೆ ನಿಮ್ಮದು ಪಬ್ಲಿಕ್ ವಿಳಾಸ. ದೋಷ ಬೇರೆಡೆ ಇದೆ, ಬಹುಶಃ ಸರ್ವರ್‌ನ ಫೈರ್‌ವಾಲ್‌ನಲ್ಲಿ ಅಥವಾ ಸೇವಾದಾರರು ಆ ಪೋರ್ಟನ್ನೇ ತಡೆದಿರುವುದರಲ್ಲಿ. ರೂಟರ್ ತೋರಿಸುವ ವಿಳಾಸ 100.64ರಿಂದ 100.127ರವರೆಗಿನ ವ್ಯಾಪ್ತಿಯಲ್ಲಿದ್ದರೆ ನೀವು ಕ್ಯಾರಿಯರ್ ಗ್ರೇಡ್ ನ್ಯಾಟ್‌ನ, ಅಂದರೆ ಒಂದೇ ಪಬ್ಲಿಕ್ ವಿಳಾಸವನ್ನು ಅನೇಕ ಮನೆಗಳು ಹಂಚಿಕೊಳ್ಳುವ, ಹವ್ಯಾಸಿಗಳು ಸಿಜಿನ್ಯಾಟ್ ಎನ್ನುವ ವ್ಯವಸ್ಥೆಯ, ಹಿಂದೆ ಇದ್ದೀರಿ. ವಿಳಾಸ 10, 192.168 ಅಥವಾ 172.16ರಿಂದ 172.31ರೊಳಗಿನ ಅಂಕಿಗಳಿಂದ ಆರಂಭವಾಗುತ್ತಿದ್ದರೆ ಎರಡು ಸಾಧ್ಯತೆಗಳಿವೆ: ಸೇವಾದಾರರು ಖಾಸಗಿ ವಿಳಾಸ ಕೊಟ್ಟಿರಬಹುದು, ಇಲ್ಲವೇ ನಿಮ್ಮ ರೂಟರ್‌ನ ಮುಂದೆ ಇರುವ ಮೋಡೆಮ್ ಕೂಡ ರೂಟರ್‌ನಂತೆಯೇ ವರ್ತಿಸುತ್ತಿರಬಹುದು. ಎರಡನೆಯದಾದರೆ ಮೋಡೆಮ್ಮನ್ನು ಬ್ರಿಡ್ಜ್ ಮೋಡ್‌ಗೆ, ಅಂದರೆ ರೂಟರ್ ಕೆಲಸ ಬಿಟ್ಟು ಸಂಪರ್ಕವನ್ನಷ್ಟೇ ದಾಟಿಸುವ ಸ್ಥಿತಿಗೆ, ಹಾಕಿದಾಗ ಸಮಸ್ಯೆ ಅಲ್ಲಿಗೇ ಮುಗಿಯಬಹುದು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಸಾಧನಗಳನ್ನು ಒಂದು ಖಾಸಗಿ ಜಾಲವಾಗಿ ಬೆಸೆಯುವ ಟೇಲ್‌ಸ್ಕೇಲ್ ಎಂಬ ಸೇವೆಯನ್ನು ಬಳಸುವವರ ಕಂಪ್ಯೂಟರ್‌ಗಳಿಗೂ 100ರಿಂದ ಆರಂಭವಾಗುವ ವಿಳಾಸವೇ ಸಿಗುತ್ತದೆ, ಏಕೆಂದರೆ ಅದು ತನ್ನ ಸಾಧನಗಳಿಗೆ ವಿಳಾಸ ಹಂಚುವುದು ಇದೇ ವ್ಯಾಪ್ತಿಯಿಂದ. ಅದನ್ನು ಕಂಡು ಸಿಜಿನ್ಯಾಟ್ ಎಂದು ತೀರ್ಮಾನಿಸಬಾರದು. ನೋಡಬೇಕಾದದ್ದು ರೂಟರ್‌ನ ವ್ಯಾನ್ ವಿಳಾಸವನ್ನೇ.

ಈ ಪರಿಸ್ಥಿತಿ ಬಂದದ್ದು ವಿಳಾಸಗಳ ಕೊರತೆಯಿಂದ. ಐಪಿವಿ4 ವಿಳಾಸ 32 ಬಿಟ್‌ಗಳದ್ದು. ಲೆಕ್ಕದ ಪ್ರಕಾರ ಒಟ್ಟು ಸುಮಾರು 429 ಕೋಟಿ ವಿಳಾಸಗಳು ಮಾತ್ರ ಸಾಧ್ಯ. ಜಾಗತಿಕ ಮಟ್ಟದಲ್ಲಿ ವಿಳಾಸ ಹಂಚುವ ಐಯಾನಾ ಸಂಸ್ಥೆಯು 2011ರ ಫೆಬ್ರವರಿ 3ರಂದು ತನ್ನಲ್ಲಿ ಉಳಿದಿದ್ದ ವಿಳಾಸಗಳ ಕೊನೆಯ ಐದು ದೊಡ್ಡ ಗುಂಪುಗಳನ್ನು ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳಿಗೆ ಒಂದೊಂದರಂತೆ ಕೊಟ್ಟುಬಿಟ್ಟಿತು. ಆಮೇಲೆ ಗ್ರಾಹಕರ ಸಂಖ್ಯೆ ಬೆಳೆಯುತ್ತಲೇ ಇದ್ದುದರಿಂದ ಸೇವಾದಾರರು ಒಂದೇ ಪಬ್ಲಿಕ್ ವಿಳಾಸವನ್ನು ಅನೇಕ ಮನೆಗಳಿಗೆ ಹಂಚುವ ದಾರಿ ಹಿಡಿದರು. ಇದಕ್ಕೆಂದೇ 2012ರಲ್ಲಿ 100.64.0.0/10 ಎಂಬ, ಸುಮಾರು 42 ಲಕ್ಷ ವಿಳಾಸಗಳ ವ್ಯಾಪ್ತಿಯನ್ನು ಆರ್‌ಎಫ್‌ಸಿ 6598 ಎಂಬ ಅಂತರ್ಜಾಲ ತಾಂತ್ರಿಕ ದಾಖಲೆಯ ಮೂಲಕ ಮೀಸಲಿಡಲಾಯಿತು.

ಒಳಗಿನಿಂದ ಹೊರಗೆ ಹೋಗುವ ಸಂಪರ್ಕಕ್ಕೆ ಇದರಿಂದ ಅಡ್ಡಿಯಿಲ್ಲ. ನೀವು ಒಂದು ಪುಟ ತೆರೆದಾಗ ಸೇವಾದಾರರ ಉಪಕರಣವು ತನ್ನ ಕೋಷ್ಟಕದಲ್ಲಿ ಒಂದು ನಮೂದು ಮಾಡಿಕೊಳ್ಳುತ್ತದೆ. ಉತ್ತರ ಬಂದಾಗ ಆ ನಮೂದನ್ನು ನೋಡಿ ನಿಮ್ಮ ಮನೆಗೆ ತಿರುಗಿಸುತ್ತದೆ. ಹೊರಗಿನಿಂದ ಯಾರೋ ಮೊದಲಾಗಿ ಸಂಪರ್ಕಿಸಲು ಬಂದರೆ ಅಂಥ ನಮೂದು ಇರುವುದಿಲ್ಲ, ಪ್ಯಾಕೆಟ್ ಅಲ್ಲಿಯೇ ಬಿದ್ದುಹೋಗುತ್ತದೆ. ಆ ಉಪಕರಣ ನಿಮ್ಮ ಕೈಯಲ್ಲಿಲ್ಲ. ಹೀಗಾಗಿ ಡೈನಮಿಕ್ ಡಿಎನ್‌ಎಸ್ ಕೂಡ ನೆರವಿಗೆ ಬಾರದು: ಬದಲಾಗುವ ಪಬ್ಲಿಕ್ ವಿಳಾಸವನ್ನು ಒಂದು ಹೆಸರಿಗೆ ಕಟ್ಟಿಕೊಡುವುದು ಅದರ ಕೆಲಸ, ಹಂಚಿಕೊಂಡ ವಿಳಾಸವನ್ನು ನಿಮ್ಮದಾಗಿಸುವುದು ಅದರಿಂದ ಆಗದು.

ಪರಿಹಾರಗಳಲ್ಲಿ ನೇರವಾದದ್ದು, ಪಬ್ಲಿಕ್ ವಿಳಾಸ ಕೊಡಿರೆಂದು ಸೇವಾದಾರರನ್ನು ಕೇಳುವುದು. ಐಪಿವಿ6 ಇದ್ದರೆ ಅದನ್ನೂ ಪರಿಶೀಲಿಸಬೇಕು. 128 ಬಿಟ್‌ಗಳ ಈ ವ್ಯವಸ್ಥೆಯಲ್ಲಿ ಮನೆಯ ಪ್ರತಿಯೊಂದು ಯಂತ್ರಕ್ಕೂ ಜಗತ್ತಿನಲ್ಲೆಲ್ಲ ತನ್ನದೇ ಆದ ವಿಳಾಸ ಸಿಗುವುದರಿಂದ ನ್ಯಾಟ್‌ನ ಗೋಜಲೇ ಇರುವುದಿಲ್ಲ; ರೂಟರ್‌ನ ಫೈರ್‌ವಾಲ್‌ನಲ್ಲಿ ಬೇಕಾದ ಪೋರ್ಟಿಗೆ ಒಳಬರುವ ಅನುಮತಿ ಕೊಟ್ಟರೆ ಸಾಕು. ಆದರೆ ನೀವು ಹೊರಗೆ ಬಳಸುವ ಜಾಲದಲ್ಲಿಯೂ ಐಪಿವಿ6 ಇರಬೇಕು. ಅದಿಲ್ಲದ ಕಚೇರಿಯ ವೈಫೈನಿಂದ ನಿಮ್ಮ ಸರ್ವರ್ ಸಿಗುವುದಿಲ್ಲ.

ಹೆಚ್ಚಿನ ಹವ್ಯಾಸಿಗಳಿಗೆ ನಾನು ಸೂಚಿಸುವುದು ಮೂರನೆಯ ದಾರಿಯನ್ನು, ಅಂದರೆ ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶದಿಂದ ಎರಡು ಯಂತ್ರಗಳ ನಡುವೆ ಕಟ್ಟುವ ಗೂಢಲಿಪಿಯ ಸುರಂಗವನ್ನು. ಪಬ್ಲಿಕ್ ವಿಳಾಸ ಸಿಕ್ಕವರಿಗೂ ಇದನ್ನೇ ಸೂಚಿಸುತ್ತೇನೆ. ದೂರದಿಂದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನ 22ನೇ ಪೋರ್ಟನ್ನು ಅಂತರ್ಜಾಲಕ್ಕೆ ತೆರೆದಿಟ್ಟವರು ಸರ್ವರ್‌ನ ಲಾಗ್ ಓದಿದರೆ, ರೂಟ್, ಅಡ್ಮಿನ್, ಟೆಸ್ಟ್ ಮುಂತಾದ ಹೆಸರುಗಳಲ್ಲಿ ಎಲ್ಲೆಲ್ಲಿಂದಲೋ ಬಂದ ವಿಫಲ ಲಾಗಿನ್ ಯತ್ನಗಳು ಸಾಲುಗಟ್ಟಿರುವುದನ್ನು ಕಾಣುತ್ತಾರೆ. ಯಾರೋ ನಿಮ್ಮನ್ನೇ ಗುರಿಯಾಗಿಸಿ ಮಾಡಿದ್ದಲ್ಲ ಅದು. ಇಡೀ ವಿಳಾಸ ವ್ಯಾಪ್ತಿಯನ್ನು ಸ್ವಯಂಚಾಲಿತವಾಗಿ ತಡಕುವ ತಂತ್ರಾಂಶಗಳ ಕೆಲಸ. ನೆಕ್ಸ್ಟ್‌ಕ್ಲೌಡ್‌ನ ಲಾಗಿನ್ ಪುಟವನ್ನು ತೆರೆದಿಟ್ಟರೂ, ಅದರಲ್ಲಿ ಪತ್ತೆಯಾಗುವ ಪ್ರತಿಯೊಂದು ಭದ್ರತಾ ಲೋಪವನ್ನು ಸಮಯಕ್ಕೆ ಸರಿಯಾಗಿ ಅಪ್‌ಡೇಟ್ ಮಾಡಿ ಮುಚ್ಚುವ ಹೊಣೆ ನಿಮ್ಮದಾಗುತ್ತದೆ. ವೈರ್‌ಗಾರ್ಡ್ ಹಾಗಲ್ಲ, ಸರಿಯಾದ ಕೀಲಿಯಿಲ್ಲದೆ ಬಂದ ಪ್ಯಾಕೆಟ್ಟಿಗೆ ಅದು ಉತ್ತರವನ್ನೇ ಕೊಡುವುದಿಲ್ಲವಾದ್ದರಿಂದ, ಹುಡುಕುವವರಿಗೆ ಅಲ್ಲಿ ಏನಾದರೂ ಇದೆ ಎಂಬುದೂ ತಿಳಿಯದು. ಮುಕ್ತ ತಂತ್ರಾಂಶವಾದ ಇದು 2020ರ ಮಾರ್ಚ್‌ನಲ್ಲಿ ಬಿಡುಗಡೆಯಾದ 5.6ನೇ ಆವೃತ್ತಿಯಿಂದ ಲಿನಕ್ಸ್ ಕರ್ನಲ್‌ನ ಭಾಗವೇ ಆಗಿದೆ.

ಸಿಜಿನ್ಯಾಟ್ ಹಿಂದಿರುವ ಮನೆಗೆ ಸುರಂಗ ಕಟ್ಟಬೇಕಾದರೆ ಒಂದು ತುದಿಯಾದರೂ ಪಬ್ಲಿಕ್ ಆಗಿರಬೇಕು. ಅದಕ್ಕಾಗಿ ತೀರಾ ಸಣ್ಣದೊಂದು ವಿಪಿಎಸ್, ಅಂದರೆ ಅಂತರ್ಜಾಲದಲ್ಲಿ ಪಬ್ಲಿಕ್ ವಿಳಾಸವಿರುವ ವರ್ಚುವಲ್ ಸರ್ವರ್, ಬಾಡಿಗೆಗೆ ಪಡೆದರೆ ಸಾಕು. ಮನೆಯ ಸರ್ವರ್ ತಾನಾಗಿ ಆ ವಿಪಿಎಸ್‌ಗೆ ಸಂಪರ್ಕಿಸುತ್ತದೆ, ನಿಮ್ಮ ಫೋನ್ ಕೂಡ ಅಲ್ಲಿಗೇ ಸಂಪರ್ಕಿಸುತ್ತದೆ, ವಿಪಿಎಸ್ ಇಬ್ಬರ ನಡುವೆ ಪ್ಯಾಕೆಟ್‌ಗಳನ್ನು ದಾಟಿಸುತ್ತದೆ. ವಿಪಿಎಸ್‌ನಲ್ಲಿ ಐಪಿ ಫಾರ್ವರ್ಡಿಂಗ್ ಆನ್ ಮಾಡುವುದನ್ನು ಮರೆಯಬಾರದು. ಮನೆಯ ಸರ್ವರ್‌ನ ವೈರ್‌ಗಾರ್ಡ್ ಸೆಟ್ಟಿಂಗ್ ಕಡತದಲ್ಲಿ ಪರ್ಸಿಸ್ಟೆಂಟ್ ಕೀಪ್‌ಅಲೈವ್ ಎಂಬ ಸಾಲಿಗೆ 25 ಎಂಬ ಬೆಲೆ ಕೊಡಬೇಕು. ಆಗ ಪ್ರತಿ 25 ಸೆಕೆಂಡಿಗೊಮ್ಮೆ ಒಂದು ಚಿಕ್ಕ ಪ್ಯಾಕೆಟ್ ಹೊರಹೋಗಿ, ಸೇವಾದಾರರ ಕೋಷ್ಟಕದಲ್ಲಿನ ನಮೂದು ಅಳಿಯದಂತೆ ಉಳಿಯುತ್ತದೆ. ಈ ಒಂದು ಸಾಲು ಇಲ್ಲದಿದ್ದರೆ ಸುರಂಗವು ಸ್ವಲ್ಪ ಹೊತ್ತು ಸುಮ್ಮನಿದ್ದ ಬಳಿಕ ಹೊರಗಿನಿಂದ ಮನೆಯನ್ನು ತಲುಪಲಾಗುವುದಿಲ್ಲ, ಮನೆಯಿಂದ ಏನನ್ನಾದರೂ ಕಳಿಸಿದ ಮೇಲೆ ಮತ್ತೆ ಸರಿಯಾಗುತ್ತದೆ. ಕಾರಣ ತಿಳಿಯದವರಿಗೆ ಇದು ತುಂಬಾ ತಲೆನೋವು ಕೊಡುತ್ತದೆ.

ಈ ಜೋಡಣೆಯಲ್ಲಿ ಹೆಚ್ಚಿನವರು ಗಮನಿಸದ ವಿಷಯವೊಂದಿದೆ. ಫೋನ್‌ನಿಂದ ವಿಪಿಎಸ್‌ವರೆಗೆ ಒಂದು ಗೂಢಲಿಪೀಕರಣ, ವಿಪಿಎಸ್‌ನಿಂದ ಮನೆಯವರೆಗೆ ಇನ್ನೊಂದು. ನಡುವೆ, ವಿಪಿಎಸ್‌ನ ಒಳಗೆ, ಪ್ಯಾಕೆಟ್‌ಗಳು ಬಿಚ್ಚಿಕೊಂಡಿರುತ್ತವೆ. ಬಾಡಿಗೆಯ ಯಂತ್ರವನ್ನು ಪೂರ್ತಿಯಾಗಿ ನಂಬುವ ಅಗತ್ಯ ಬರಬಾರದೆಂದರೆ ಮನೆಯ ಸರ್ವರ್‌ನಲ್ಲಿಯೂ ಎಚ್‌ಟಿಟಿಪಿಎಸ್ ಇರಲೇಬೇಕು. ಅದಕ್ಕಾಗಿ ಯಾವ ಪೋರ್ಟನ್ನೂ ಹೊರಗೆ ತೆರೆಯಬೇಕಾಗಿಲ್ಲ: ನಿಮ್ಮದೇ ಡೊಮೇನ್ ಇದ್ದರೆ, ಅದರ ಡಿಎನ್‌ಎಸ್‌ನಲ್ಲಿ ಒಂದು ದಾಖಲೆ ಸೇರಿಸಿ ಒಡೆತನ ಸಾಬೀತುಪಡಿಸುವ ವಿಧಾನದಿಂದ ಲೆಟ್ಸ್ ಎನ್‌ಕ್ರಿಪ್ಟ್ ಉಚಿತವಾಗಿ ಪ್ರಮಾಣಪತ್ರ ಕೊಡುತ್ತದೆ. ಟೇಲ್‌ಸ್ಕೇಲ್‌ನಲ್ಲಿ ಈ ತೊಡಕಿಲ್ಲ. ಅಲ್ಲಿ ಎರಡು ಸಾಧನಗಳ ನಡುವೆ ನೇರವಾಗಿಯೇ ಗೂಢಲಿಪೀಕರಣ ನಡೆಯುತ್ತದೆ, ನೇರ ದಾರಿ ಸಿಗದೆ ಮಧ್ಯವರ್ತಿ ಸರ್ವರ್ ಮೂಲಕ ಹೋದರೂ ಆ ಸರ್ವರ್‌ಗೆ ಒಳಗಿನದು ಕಾಣುವುದಿಲ್ಲ. ಆದರೆ ಸಾಧನಗಳನ್ನು ಪರಸ್ಪರ ಪರಿಚಯಿಸುವ ಅದರ ಸಮನ್ವಯ ಸರ್ವರ್ ಮುಕ್ತ ತಂತ್ರಾಂಶವಲ್ಲ. ಅದೂ ನಮ್ಮ ಕೈಯಲ್ಲೇ ಇರಬೇಕೆನ್ನುವವರಿಗೆ ಹೆಡ್‌ಸ್ಕೇಲ್ ಎಂಬ ಮುಕ್ತ ಪರ್ಯಾಯವಿದೆ. ಮನೆಯಲ್ಲೇ ಸರ್ವರ್ ನಡೆಸಲು ಹೊರಟವರು ಇಷ್ಟರಮಟ್ಟಿಗಿನ ಹಿಡಿತ ಬಯಸುವುದು ನ್ಯಾಯವೇ ಎಂದು ನನಗನಿಸುತ್ತದೆ. ಕ್ಲೌಡ್‌ಫ್ಲೇರ್ ಟನಲ್‌ನಂಥ ಸೇವೆಗಳನ್ನು ಜೋಡಿಸುವುದು ಸುಲಭ, ಆದರೆ ಅವುಗಳಲ್ಲಿ ಜಾಲಪುಟಗಳ ಎಚ್‌ಟಿಟಿಪಿಎಸ್ ಬಿಚ್ಚಿಕೊಳ್ಳುವುದು ಕಂಪನಿಯ ಸರ್ವರ್‌ನಲ್ಲಿ. ಎಲ್ಲರೂ ಓದಲೆಂದು ಇಟ್ಟ ಬ್ಲಾಗಿಗೆ ಅದು ಸಾಕು, ಮನೆಯವರ ಫೋಟೊಗಳಿಗೆ ನಾನು ಅದನ್ನು ಸೂಚಿಸುವುದಿಲ್ಲ.

ಸುರಂಗ ಕಟ್ಟಿದ ಮೇಲೂ ಪುಟ ತೆರೆಯದಿದ್ದರೆ ವಿಪಿಎಸ್‌ನಲ್ಲಿ ‘ಡಬ್ಲ್ಯುಜಿ ಶೋ’ ಆದೇಶ ಕೊಟ್ಟು ಇತ್ತೀಚಿನ ಹ್ಯಾಂಡ್‌ಶೇಕ್ (ಎರಡು ತುದಿಗಳು ಪರಸ್ಪರ ಗುರುತಿಸಿಕೊಳ್ಳುವ ಕ್ರಿಯೆ) ಯಾವಾಗ ಆಗಿದೆಯೆಂದು ನೋಡಿ. ಹ್ಯಾಂಡ್‌ಶೇಕ್ ಆಗಿಯೇ ಇಲ್ಲದಿದ್ದರೆ, ವಿಪಿಎಸ್ ಕೊಟ್ಟವರ ಫೈರ್‌ವಾಲ್‌ನಲ್ಲಿ ನೀವು ಆರಿಸಿದ ಪೋರ್ಟನ್ನು, ಸಾಮಾನ್ಯವಾಗಿ 51820ನ್ನು, ಟಿಸಿಪಿಗೆ ಬದಲಾಗಿ ಯುಡಿಪಿಗೆ ತೆರೆದಿದ್ದೀರಾ ಎಂದು ಪರಿಶೀಲಿಸಿ, ಎರಡೂ ಕಡೆಯ ಕೀಲಿಗಳನ್ನು ಮತ್ತೊಮ್ಮೆ ತಾಳೆ ನೋಡಿ. ಹ್ಯಾಂಡ್‌ಶೇಕ್ ಆಗಿದ್ದು, ಪಿಂಗ್ ಕೂಡ ತಲುಪುತ್ತಿದ್ದು, ಸಣ್ಣ ಪುಟಗಳು ತೆರೆದು ದೊಡ್ಡ ಫೋಟೊಗಳು ಮಾತ್ರ ಅರ್ಧದಲ್ಲೇ ನಿಲ್ಲುತ್ತಿದ್ದರೆ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಹೆಚ್ಚಾಗಿದೆ ಎಂದು ಸಂಶಯಿಸಬಹುದು. ವೈರ್‌ಗಾರ್ಡ್ ಸಾಮಾನ್ಯವಾಗಿ 1420 ಇಟ್ಟುಕೊಳ್ಳುತ್ತದೆ; ಅದನ್ನು 1280ಕ್ಕೆ ಇಳಿಸಿ ನೋಡಿ, ಫೋಟೊಗಳು ತೆರೆದರೆ ಅಲ್ಲಿಂದ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ನಿಮ್ಮ ಜಾಲ ತಾಳುವ ಅತಿ ಹೆಚ್ಚಿನ ಬೆಲೆಯನ್ನು ಕಂಡುಕೊಳ್ಳಿ.