ಪೆಟ್ಟಿಗೆಯ ತಳ ಸೇರಿದ ಪುಸ್ತಕಗಳು: ನತ್ಸುಮೆ ಸೋಸೆಕಿಯವರ ವಿದ್ವತ್ತು ಮತ್ತು ಕಾದಂಬರಿ

ಪ್ರತಿ ಸೆಮಿಸ್ಟರಿನ ಕೊನೆಯಲ್ಲಿ ಇಂಗ್ಲಿಷ್ ಕಾವ್ಯದ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಕುಳಿತಾಗ ನನ್ನನ್ನು ಕಾಡುವ ಸಂಗತಿಯೊಂದಿದೆ. ಒಂದೇ ಪದ್ಯದ ಬಗ್ಗೆ ಬರೆದ ಹತ್ತಾರು ವಿದ್ಯಾರ್ಥಿಗಳು ಅದರ ಲಯ ಬಹಳ ಮಧುರವಾಗಿದೆ ಎಂದು ಒಂದೇ ಮಾತಿನಲ್ಲಿ ಬರೆದಿರುತ್ತಾರೆ. ಆ ಮಾಧುರ್ಯ ಅವರ ಕಿವಿಗೆ ಬಿದ್ದದ್ದೋ, ಗೈಡಿನಿಂದ ಇಳಿದದ್ದೋ ಎಂದು ತಿಳಿಯುವ ದಾರಿ ನನಗಿಲ್ಲ. ಈ ಪ್ರಶ್ನೆಯನ್ನು ನನಗಿಂತ ಕಟುವಾಗಿ ತಮಗೇ ಹಾಕಿಕೊಂಡ ಇಂಗ್ಲಿಷ್ ಅಧ್ಯಾಪಕರೊಬ್ಬರಿದ್ದರು. ಅವರು ಜಪಾನಿನ ನತ್ಸುಮೆ ಸೋಸೆಕಿ (1867–1916). ಲೋಕ ಅವರನ್ನು ಕಾದಂಬರಿಕಾರರೆಂದು ಬಲ್ಲದು. 1984ರಿಂದ ಸುಮಾರು ಎರಡು ದಶಕ ಜಪಾನಿನ ಸಾವಿರ ಯೆನ್ ನೋಟಿನ ಮೇಲೆ ಅವರ ಮುಖವೇ ಇತ್ತು. ಅವರ ವಿದ್ವತ್ತನ್ನು ಕಾದಂಬರಿಗೆ ಮುಂಚಿನ ಸುತ್ತುದಾರಿಯೆಂದು ಬದಿಗಿಡುವ ರೂಢಿ ಮಾತ್ರ ನನಗೆ ಒಪ್ಪಿಗೆಯಿಲ್ಲ. ಲಂಡನ್ನಿನಲ್ಲಿ ಹಾಕಿಕೊಂಡ ಲೆಕ್ಕವನ್ನೇ ಅವರು ಟೋಕಿಯೊದಲ್ಲಿ ಕಾದಂಬರಿಗಳ ಮೂಲಕ ಬಿಡಿಸುತ್ತಾ ಹೋದರು ಎಂಬುದು ನನ್ನ ತಿಳಿವಳಿಕೆ.

ಟೋಕಿಯೊವನ್ನು ಇನ್ನೂ ಎದೊ ಎಂದು ಕರೆಯುತ್ತಿದ್ದ ಕಾಲದಲ್ಲಿ, 1867ರ ಫೆಬ್ರುವರಿಯಲ್ಲಿ ಹುಟ್ಟಿದ ಅವರ ಮೊದಲ ಹೆಸರು ಕಿನ್ನೊಸುಕೆ. ತಂದೆತಾಯಿಗೆ ವಯಸ್ಸಾದ ಮೇಲೆ ಹುಟ್ಟಿದ ಕೊನೆಯ ಮಗುವಾದ್ದರಿಂದ ಎಳವೆಯಲ್ಲೇ ದತ್ತು ಕೊಟ್ಟರು. ಸಾಕಿದವರ ಸಂಸಾರ ಮುರಿದುಬಿದ್ದು, ಒಂಬತ್ತರ ಸುಮಾರಿಗೆ ಹುಟ್ಟಿದ ಮನೆಗೆ ಮರಳಿದ ಹುಡುಗ ಅಲ್ಲಿದ್ದ ವೃದ್ಧ ದಂಪತಿಯನ್ನು ಅಜ್ಜ ಅಜ್ಜಿಯೆಂದೇ ತಿಳಿದಿದ್ದ. ಅವರೇ ನಿನ್ನ ಅಪ್ಪ ಅಮ್ಮ ಎಂದು ಒಂದು ರಾತ್ರಿ ಮನೆಗೆಲಸದಾಕೆ ಗುಟ್ಟಾಗಿ ಹೇಳಿದಳು. ನತ್ಸುಮೆ ಎಂಬ ಮನೆತನದ ಹೆಸರು ದಾಖಲೆಯಲ್ಲಿ ಮತ್ತೆ ಅವರದಾದದ್ದು 1888ರಲ್ಲಿ. ಸಾಕುತಂದೆ ಎಷ್ಟೋ ವರ್ಷಗಳ ಮೇಲೆ ಹಣ ಕೇಳಿಕೊಂಡು ಬಂದದ್ದು 1915ರ 'ಮಿಚಿಕುಸ' ಕಾದಂಬರಿಗೆ ವಸ್ತುವಾಯಿತು. ಈ ಹುಡುಗನ ಮನಸ್ಸಿಗೆ ಮೊದಲು ಹತ್ತಿದ್ದು ಪ್ರಾಚೀನ ಚೀನೀ ಗ್ರಂಥಗಳು. 'ಸೋಸೆಕಿ' ಎಂಬ ಕಾವ್ಯನಾಮವೂ ಚೀನಾದ ಒಂದು ಹಳೆಯ ಕಥೆಯಿಂದಲೇ ಬಂದದ್ದು. 'ಕಲ್ಲನ್ನು ದಿಂಬು ಮಾಡಿಕೊಂಡು ಹೊಳೆಯ ನೀರಿನಲ್ಲಿ ಬಾಯಿ ತೊಳೆಯುತ್ತೇನೆ' ಎನ್ನಹೋದವನೊಬ್ಬ ಬಾಯಿತಪ್ಪಿ, ಕಲ್ಲಿನಿಂದ ಬಾಯಿ ತೊಳೆದು ಹೊಳೆಯನ್ನು ದಿಂಬು ಮಾಡಿಕೊಳ್ಳುತ್ತೇನೆ ಎಂದುಬಿಟ್ಟನಂತೆ. ತಪ್ಪನ್ನು ಎತ್ತಿ ತೋರಿಸಿದಾಗ, ಕಲ್ಲು ಹಲ್ಲುಜ್ಜುವುದಕ್ಕೆ, ಹೊಳೆ ಕಿವಿ ತೊಳೆಯುವುದಕ್ಕೆ ಎಂದು ಪಟ್ಟು ಬಿಡದೆ ವಾದಿಸಿದನಂತೆ. ಆ ಹಟಗಾರನ 'ಕಲ್ಲಿನಿಂದ ಬಾಯಿ ತೊಳೆ' ಎಂಬ ಮಾತೇ ಸೋಸೆಕಿ.

1890ರಲ್ಲಿ ಅವರು ಟೋಕಿಯೊದ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ ಸೇರಿದರು. ಅಲ್ಲಿನ ಪ್ರಾಧ್ಯಾಪಕ ಡಿಕ್ಸನ್ ಪದ್ಯಗಳನ್ನು ಗಟ್ಟಿಯಾಗಿ ಓದಿಸುತ್ತಿದ್ದರು, ಉಚ್ಚಾರ ತಪ್ಪಿದರೆ ಗದರುತ್ತಿದ್ದರು; ಪರೀಕ್ಷೆಗೆ ಬರುತ್ತಿದ್ದದ್ದು ವರ್ಡ್ಸ್‌ವರ್ತ್ ಹುಟ್ಟಿದ್ದು, ಸತ್ತದ್ದು ಯಾವ ವರ್ಷ, ಷೇಕ್ಸ್‌ಪಿಯರನ ಫೋಲಿಯೊಗಳು, ಅಂದರೆ ದೊಡ್ಡ ಹಾಳೆಯ ಹಳೆಯ ಮುದ್ರಣಗಳು, ಎಷ್ಟು ಬಗೆ, ಸ್ಕಾಟನ ಕೃತಿಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ ಎಂಬಂಥ ಪ್ರಶ್ನೆಗಳು. ಮೂರು ವರ್ಷ ಓದಿದರೂ ಸಾಹಿತ್ಯವೆಂದರೆ ಏನೆಂದು ತಿಳಿಯಲಿಲ್ಲ ಎಂದು 1914ರ ನವೆಂಬರಿನಲ್ಲಿ ಗಾಕುಶೂಯಿನ್ ಸಂಸ್ಥೆಯ ವಿದ್ಯಾರ್ಥಿಗಳೆದುರು ಮಾಡಿದ ಭಾಷಣದಲ್ಲಿ ಅವರು ಒಪ್ಪಿಕೊಂಡರು. ಚೀಲದೊಳಗೆ ಕಟ್ಟಿಹಾಕಿದಂತಿತ್ತು, ಅದನ್ನು ತೂತು ಮಾಡಿ ಹೊರಬರಲು ಒಂದು ದಬ್ಬಳ ಸಿಕ್ಕರೆ ಸಾಕೆಂದು ಹುಡುಕುತ್ತಿದ್ದೆ ಎಂಬುದು ಆ ಭಾಷಣದಲ್ಲಿ ಅವರು ಕೊಟ್ಟ ಹೋಲಿಕೆ. 1895ರಲ್ಲಿ ಮತ್ಸುಯಾಮದ ಶಾಲೆಯಲ್ಲಿ, ಮರುವರ್ಷದಿಂದ ಕುಮಾಮೊತೊದಲ್ಲಿ ಪಾಠ ಹೇಳುತ್ತಿದ್ದಾಗಲೂ ಆ ಚೀಲ ಬಿಚ್ಚಿಕೊಳ್ಳಲಿಲ್ಲ.

1900ರಲ್ಲಿ ಸರಕಾರ ಅವರನ್ನು ವರ್ಷಕ್ಕೆ 1800 ಯೆನ್ ಭತ್ಯೆಯ ಮೇಲೆ ಇಂಗ್ಲೆಂಡಿಗೆ ಕಳಿಸಿತು. ಲಂಡನ್ನಿನಲ್ಲಿ ಆ ಹಣ ಊಟ, ಬಾಡಿಗೆ, ಪುಸ್ತಕಗಳ ನಡುವೆ ಹಂಚಿಹೋಗುತ್ತಿತ್ತು. ಯೂನಿವರ್ಸಿಟಿ ಕಾಲೇಜಿನ ಉಪನ್ಯಾಸಗಳನ್ನು ಕೆಲವು ಕಾಲ ಕೇಳಿ ಬಿಟ್ಟರು. ಷೇಕ್ಸ್‌ಪಿಯರ್ ವಿದ್ವಾಂಸ ಕ್ರೇಗ್ ಅವರ ಮನೆಗೆ ಪಾಠಕ್ಕೆ ಹೋಗುತ್ತಿದ್ದರು. ಒಂದಾದ ಮೇಲೊಂದರಂತೆ ಐದು ಬಾಡಿಗೆ ಕೋಣೆಗಳನ್ನು ಬದಲಿಸಿದರು. ತೋಳಗಳ ಹಿಂಡಿನಲ್ಲಿ ಸಿಕ್ಕಿಕೊಂಡ ಜೂಲುನಾಯಿಯಂತೆ ಇಂಗ್ಲಿಷ್ ಸಭ್ಯರ ನಡುವೆ ಬದುಕಿದೆ ಎಂದು 1907ರಲ್ಲಿ ಪ್ರಕಟವಾದ 'ಬುಂಗಾಕುರೋನ್', ಅಂದರೆ 'ಸಾಹಿತ್ಯ ಸಿದ್ಧಾಂತ', ಗ್ರಂಥದ ಮುನ್ನುಡಿಯಲ್ಲಿ ಬರೆದಿದ್ದಾರೆ. ನಾನು ಬಲ್ಲ ವಿದ್ವತ್ ಗ್ರಂಥಗಳ ಮುನ್ನುಡಿಗಳಲ್ಲಿ ಇಷ್ಟು ಬೆತ್ತಲೆಯಾದದ್ದು ಇನ್ನೊಂದಿಲ್ಲ. ಚೀನೀ ಗ್ರಂಥಗಳ ಲೋಕದಲ್ಲಿ ಸಾಹಿತ್ಯವೆನಿಸಿಕೊಳ್ಳುವುದಕ್ಕೂ ಇಂಗ್ಲಿಷಿನಲ್ಲಿ ಸಾಹಿತ್ಯವೆನಿಸಿಕೊಳ್ಳುವುದಕ್ಕೂ ಒಂದೇ ಲಕ್ಷಣ ಹೇಳಲು ಬರುವುದಿಲ್ಲ ಎಂಬ ಅನುಮಾನ ಅವರನ್ನು ಹಿಡಿದಿತ್ತು. ಎರಡು ಭಾಷೆಗಳಲ್ಲೂ ಅವರಿಗೆ ಪಾಂಡಿತ್ಯವಿತ್ತು. ಒಂದರಲ್ಲಿ ಸವಿ ಸಿಕ್ಕಿತು, ಇನ್ನೊಂದರಲ್ಲಿ ಸಿಗಲಿಲ್ಲ. ಹಾಗಾದರೆ ದೋಷ ಓದುಗನದೋ, ವಸ್ತುವೇ ಬೇರೆಯೋ?

ಆಗ ಅವರು ತಮ್ಮಲ್ಲಿದ್ದ ಸಾಹಿತ್ಯ ಕೃತಿಗಳನ್ನೆಲ್ಲ ಪೆಟ್ಟಿಗೆಯ ತಳಕ್ಕೆ ಹಾಕಿ ಮುಚ್ಚಿದರು. ಸಾಹಿತ್ಯ ಏನೆಂದು ತಿಳಿಯಲು ಸಾಹಿತ್ಯವನ್ನೇ ಓದುವುದು ರಕ್ತವನ್ನು ರಕ್ತದಿಂದ ತೊಳೆದಂತೆ ಎಂಬುದು ಅವರು ಕೊಟ್ಟ ಕಾರಣ. ಮನಃಶಾಸ್ತ್ರ, ಸಮಾಜಶಾಸ್ತ್ರಗಳ ಕಡೆಗೆ ತಿರುಗಿ, ಕೋಣೆಯಿಂದ ಹೊರಬರದೆ, ನೊಣದ ತಲೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದ ಟಿಪ್ಪಣಿಗಳು ಐದಾರು ಅಂಗುಲ ದಪ್ಪವಾದವು. ಅವರಿಗೆ ಹುಚ್ಚು ಹಿಡಿದಿದೆ ಎಂಬ ಸುದ್ದಿ ಜಪಾನನ್ನು ಮುಟ್ಟಿತು. ಅದೇ ಸಮಯದಲ್ಲಿ, 1902ರ ಸೆಪ್ಟೆಂಬರಿನಲ್ಲಿ, ಹೈಕು ಕವಿಯೂ ಅವರ ಆಪ್ತ ಗೆಳೆಯರೂ ಆಗಿದ್ದ ಮಸಾವೊಕ ಶಿಕಿ ತೀರಿಕೊಂಡರು.

ಆ ಟಿಪ್ಪಣಿಗಳಿಂದ ಹುಟ್ಟಿದ ಗ್ರಂಥ ತೊಡಗುವುದೇ ಒಂದು ಸೂತ್ರದಿಂದ: ಸಾಹಿತ್ಯದ ವಸ್ತು 'ದೊಡ್ಡ ಎಫ್ ಕೂಡಿಸು ಚಿಕ್ಕ ಎಫ್' ಎಂಬ ರೂಪದಲ್ಲಿರಬೇಕು. ದೊಡ್ಡ ಎಫ್ ಎಂದರೆ ಆ ಗಳಿಗೆಯಲ್ಲಿ ಪ್ರಜ್ಞೆಯ ಅಲೆಯ ನೆತ್ತಿಯಲ್ಲಿ ನಿಂತಿರುವ ಚಿತ್ರ ಅಥವಾ ವಿಚಾರ. ಚಿಕ್ಕ ಎಫ್ ಎಂದರೆ ಅದಕ್ಕೆ ಅಂಟಿಕೊಂಡಿರುವ ಭಾವ. ತ್ರಿಕೋನವೆಂಬ ಕಲ್ಪನೆಯಲ್ಲಿ ಮೊದಲನೆಯದು ಮಾತ್ರ ಇದೆ, ಕಾರಣವಿಲ್ಲದ ಭಯದಲ್ಲಿ ಎರಡನೆಯದು ಮಾತ್ರ ಇದೆ. ಹೂವನ್ನು, ನಕ್ಷತ್ರವನ್ನು ಕಂಡಾಗ ಎರಡೂ ಕೂಡುತ್ತವೆ. ನಮ್ಮ ಕಾವ್ಯಮೀಮಾಂಸೆಯನ್ನು ಬಲ್ಲವರಿಗೆ ಇಲ್ಲಿ ವಿಭಾವ (ಭಾವವನ್ನು ಎಬ್ಬಿಸುವ ವಸ್ತು) ಮತ್ತು ಭಾವಗಳ ನೆನಪಾಗುವುದು ಸಹಜ, ನನಗೂ ಮೊದಲ ಓದಿನಲ್ಲಿ ಹಾಗೆಯೇ ಆಯಿತು. ಆದರೆ ಸೋಸೆಕಿಯವರ ಕಣ್ಣಿರುವುದು ಬದಲಾವಣೆಯ ಮೇಲೆ. ಒಂದು ಗಳಿಗೆಗೆ ಒಂದು ದೊಡ್ಡ ಎಫ್ ಇರುವಂತೆ ಒಬ್ಬ ಮನುಷ್ಯನ ಆಯುಷ್ಯದ ಒಂದೊಂದು ಘಟ್ಟಕ್ಕೂ, ಒಂದು ಸಮಾಜದ ಒಂದೊಂದು ಕಾಲಕ್ಕೂ ಇರುತ್ತದೆ, ಅದು ಸರಿದಾಗ ರುಚಿಯೂ ಸರಿಯುತ್ತದೆ ಎಂದು ಅವರು ವಾದಿಸುತ್ತಾರೆ. ಹಾಗೆ ನೋಡಿದಾಗ ಇಂಗ್ಲಿಷರ ರುಚಿ ಒಂದು ನಾಡಿನ, ಒಂದು ಕಾಲದ ರುಚಿಯಾಗುತ್ತದೆ. ಜಪಾನಿನ ಓದುಗನು ಒಂದು ಪದ್ಯ ತನ್ನನ್ನು ತಟ್ಟಲಿಲ್ಲ ಎಂದು ಹೇಳಬಲ್ಲ. ಹೇಳಿದ ಮೇಲೆ ಏಕೆ ತಟ್ಟಲಿಲ್ಲವೆಂದು ವಿವರಿಸುವ ಹೊಣೆಯನ್ನೂ ಹೊರಬೇಕು. ಪಾಶ್ಚಾತ್ಯನೊಬ್ಬ ಮೆಚ್ಚಿದ ಮಾತ್ರಕ್ಕೆ ಆ ಮೆಚ್ಚುಗೆಯನ್ನು ತನ್ನದೆಂದು ಮಾರಬಾರದು ಎಂಬ ಈ ನಿಲುವಿಗೆ ಅವರು ಕೊಟ್ಟ ಹೆಸರು 'ಜಿಕೊ ಹೋನ್‌ಯಿ', ತನ್ನನ್ನೇ ನೆಲೆಯಾಗಿಸಿಕೊಳ್ಳುವುದು. ನಾನು ತರಗತಿಯಲ್ಲಿ ಈ ಸೂತ್ರವನ್ನು ಬೋರ್ಡಿನ ಮೇಲೆ ಬರೆಯುವುದು ಇದೇ ಕಾರಣಕ್ಕೆ.

1903ರಲ್ಲಿ ಮರಳಿದ ಮೇಲೆ ವಿಶ್ವವಿದ್ಯಾಲಯದಲ್ಲಿ ಅವರಿಗೆ ಸಿಕ್ಕದ್ದು ಲೇಖಕ ಲಾಫ್ಕಾಡಿಯೊ ಹರ್ನ್ ತೆರವು ಮಾಡಿದ್ದ ಸ್ಥಾನ. ಹರ್ನರ ರಸವತ್ತಾದ ಪಾಠಕ್ಕೆ ಒಗ್ಗಿದ್ದ ವಿದ್ಯಾರ್ಥಿಗಳಿಗೆ ಈ ಸೂತ್ರದ ಪಾಠ ಒಣದೆನಿಸಿತು. ಆ ದಿನಗಳಲ್ಲೇ, 1905ರ ಜನವರಿಯಲ್ಲಿ, 'ಹೊತೊತೊಗಿಸು' ಪತ್ರಿಕೆಯಲ್ಲಿ ಹೆಸರಿಲ್ಲದ ಬೆಕ್ಕೊಂದು ಮಾತನಾಡತೊಡಗಿತು. ಒಂದೇ ಕಂತಿಗೆ ಮುಗಿಯಬೇಕಿದ್ದ 'ನಾನು ಬೆಕ್ಕು' ಹನ್ನೊಂದು ಅಧ್ಯಾಯಗಳಿಗೆ ಬೆಳೆಯಿತು. ಅಧ್ಯಾಪಕನೊಬ್ಬನ ಮನೆಯ ಹರಟೆಯನ್ನು ಮನುಷ್ಯಭಾವದ ಅಂಟಿಲ್ಲದ ಪ್ರಾಣಿಯೊಂದು ವರದಿ ಮಾಡುವುದು ನನಗೆ ಸೂತ್ರದ ಪ್ರಯೋಗವಾಗಿಯೇ ಕಾಣುತ್ತದೆ: ದೃಶ್ಯ ಅದೇ, ಭಾವ ಮಾತ್ರ ಬೇರೆ. 1907ರಲ್ಲಿ ಅವರು ವಿಶ್ವವಿದ್ಯಾಲಯ ಬಿಟ್ಟು 'ಅಸಾಹಿ' ಪತ್ರಿಕೆಯನ್ನು ಸೇರಿದಾಗ ಜನ ಬೆರಗಾದರು. ಪತ್ರಿಕೆ ವ್ಯಾಪಾರವಾದರೆ ವಿಶ್ವವಿದ್ಯಾಲಯವೂ ವ್ಯಾಪಾರವೇ ಎಂದು ಅವರು ಉತ್ತರ ಬರೆದರು. 1911ರಲ್ಲಿ ಸರಕಾರ ಕೊಡಬಂದ ಡಾಕ್ಟರೇಟನ್ನೂ ಒಲ್ಲೆನೆಂದರು.

ಅಸಾಹಿಯಲ್ಲಿ 1914ರ ಏಪ್ರಿಲಿನಿಂದ ಆಗಸ್ಟಿನವರೆಗೆ 110 ಕಂತುಗಳಲ್ಲಿ ಬಂದ 'ಕೊಕೊರೊ' ಕಾದಂಬರಿಯ ಒಂದು ವಾಕ್ಯವನ್ನು ಮಾತ್ರ ಇಲ್ಲಿ ಹತ್ತಿರದಿಂದ ನೋಡುತ್ತೇನೆ. ಸೆನ್ಸೆಯಿ ಮತ್ತು ಕೆ ಎಂಬ ಗೆಳೆಯರು ವಿದ್ಯಾರ್ಥಿಗಳಾಗಿದ್ದಾಗ ಬೋಶೂ ಪರ್ಯಾಯದ್ವೀಪದ ಕಡಲದಂಡೆಯಲ್ಲಿ ತಿರುಗಾಡಲು ಹೋಗುತ್ತಾರೆ. ಬೌದ್ಧ ದೇವಾಲಯದಲ್ಲಿ ಹುಟ್ಟಿ ಕಠಿಣ ವ್ರತವನ್ನು ನೆಚ್ಚಿದ ಕೆ, ತನ್ನ ಗಂಭೀರ ಮಾತಿಗೆ ಕಿವಿಗೊಡದ ಗೆಳೆಯನಿಗೆ, 'ಆತ್ಮೋನ್ನತಿಯ ಹಂಬಲವಿಲ್ಲದವನು ಮೂರ್ಖ' ಎನ್ನುತ್ತಾನೆ. ಅಲ್ಲಿ ಅದು ಹುರುಪಿನ ಹುಡುಗನ ಬಿಗುಮಾನದ ಮಾತು. ಮುಂದೆ ಇಬ್ಬರೂ ತಾವಿರುವ ಮನೆಯ ಮಗಳನ್ನೇ ಒಳಗೊಳಗೆ ಪ್ರೀತಿಸುತ್ತಾರೆ; ಕೆ ಅದನ್ನು ಸೆನ್ಸೆಯಿಗೆ ಹೇಳಿಕೊಂಡು, ಏನು ಮಾಡಲಿ ಎಂದು ಉಯೆನೊ ಉದ್ಯಾನದಲ್ಲಿ ಕೇಳುತ್ತಾನೆ. ತನ್ನ ಪ್ರೀತಿಯನ್ನು ಬಚ್ಚಿಟ್ಟುಕೊಂಡ ಸೆನ್ಸೆಯಿ ಅದೇ ವಾಕ್ಯವನ್ನು, ಒಂದಕ್ಷರ ಬದಲಿಸದೆ, ಎರಡು ಸಲ ಹಿಂದಿರುಗಿಸುತ್ತಾನೆ. 'ಮೂರ್ಖ, ನಾನು ಮೂರ್ಖ' ಎಂದು ಕೆ ನೆಲ ನೋಡುತ್ತಾ ನಿಲ್ಲುತ್ತಾನೆ. ಕೆಲವೇ ದಿನಗಳಲ್ಲಿ ಸೆನ್ಸೆಯಿ ಆ ಹುಡುಗಿಯನ್ನು ತನಗೆ ಕೊಡಿ ಎಂದು ಕೇಳುತ್ತಾನೆ, ಕೆ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಶವದ ಎದುರು ಸೆನ್ಸೆಯಿ ಮೊದಲು ಮಾಡುವ ಕೆಲಸವೆಂದರೆ ಕೆ ಬರೆದಿಟ್ಟ ಪತ್ರದಲ್ಲಿ ತನ್ನ ಮೇಲೆ ಆರೋಪವಿದೆಯೇ ಎಂದು ಹುಡುಕುವುದು.

ವಾಕ್ಯದ ದೊಡ್ಡ ಎಫ್ ಎರಡು ಕಡೆಯೂ ಒಂದೇ. ಮೊದಲ ಸಲ ಅದಕ್ಕೆ ಅಂಟಿದ್ದ ಭಾವ ಆದರ್ಶದ್ದು. ಎರಡನೆಯ ಸಲದ್ದು, ಆಡಿದವನಿಗೆ ಲೆಕ್ಕಾಚಾರ, ಕೇಳಿದವನಿಗೆ ನಾಚಿಕೆ. ಈ ಬದಲಾವಣೆಯನ್ನು ಸೋಸೆಕಿ ಎಲ್ಲೂ ವ್ಯಾಖ್ಯಾನಿಸುವುದಿಲ್ಲ. ಭಾವ ವಸ್ತುವಿಗೆ ಹುಟ್ಟಿನಿಂದ ಅಂಟಿಕೊಂಡಿಲ್ಲ, ಜಾಗವೂ ಮನುಷ್ಯರೂ ಬದಲಾದಾಗ ಅದೂ ಬದಲಾಗುತ್ತದೆ ಎಂದು ಹತ್ತು ವರ್ಷ ಯೋಚಿಸಿದವರಿಗೆ ಮಾತ್ರ ಆ ವಾಕ್ಯವನ್ನು ಇಷ್ಟು ನಿಖರವಾಗಿ ಎರಡನೆಯ ಬಾರಿ ಇಡಲು ಬರುತ್ತದೆ ಎಂದು ನಾನು ನಂಬುತ್ತೇನೆ.

ಅವರು ಮಾತ್ರ ತಮ್ಮ ಸಿದ್ಧಾಂತ ಗ್ರಂಥವನ್ನು, ಕಟ್ಟಿ ಮುಗಿಯುವ ಮೊದಲೇ ಭೂಕಂಪಕ್ಕೆ ಬಿದ್ದ ಪಟ್ಟಣದ ಹಾಳು ಎಂದು 1914ರ ಆ ಭಾಷಣದಲ್ಲಿ ಕರೆದರು. ಅದರ ಜೊತೆಗೇ, ಜಿಕೊ ಹೋನ್‌ಯಿ ಎಂಬ ಮಾತು ತಮ್ಮ ಕೈಬಿಡಲಿಲ್ಲ ಎಂದೂ ಹೇಳಿದರು. ಆ ಹೊತ್ತಿಗೆ ಹೊಟ್ಟೆಯ ಹುಣ್ಣು ಅವರನ್ನು ವರ್ಷಗಳಿಂದ ಕಾಡುತ್ತಿತ್ತು. 1910ರಲ್ಲಿ ಶುಜೆಂಜಿ ಎಂಬ ಊರಿನಲ್ಲಿ ರಕ್ತ ಕಾರಿ ಸಾವಿನ ಅಂಚಿಗೆ ಹೋಗಿ ಬಂದಿದ್ದರು.

1916ರಲ್ಲಿ ಕೊನೆಯ ಕಾದಂಬರಿ 'ಮೇಯಿಆನ್' ಅಸಾಹಿಯಲ್ಲಿ ಬರುತ್ತಿತ್ತು. ಅವರು ಬರೆದವುಗಳಲ್ಲೆಲ್ಲ ಅದೇ ಹೆಚ್ಚು ಪಾಶ್ಚಾತ್ಯ ಮಾದರಿಯದು, ದಂಪತಿಗಳಿಬ್ಬರ ಮನಸ್ಸಿನ ಒಳಸುಳಿಗಳನ್ನು ಎಳೆಎಳೆಯಾಗಿ ಬಿಡಿಸುವಂಥದ್ದು. ಬೆಳಗ್ಗೆ ಕಾದಂಬರಿ ಬರೆಯುತ್ತೇನೆ, ಮಧ್ಯಾಹ್ನ ಚೀನೀ ಪದ್ಯ ಕಟ್ಟುತ್ತೇನೆ ಎಂದು ಆ ಆಗಸ್ಟಿನಲ್ಲಿ ಅವರು ಕಿರಿಯ ಲೇಖಕರಾದ ಅಕುತಗಾವ ಮತ್ತು ಕುಮೆ ಅವರಿಗೆ ಪತ್ರ ಬರೆದರು. ಕಂತುಗಳು ನೂರರ ಸುಮಾರು ಆದಾಗ ಮನಸ್ಸು ಲೌಕಿಕದಲ್ಲಿ ಹೂತುಹೋಗುತ್ತಿದೆ ಎನಿಸಿತಂತೆ, ಅದಕ್ಕೇ ಪದ್ಯ. ಒಂದೇ ಲಕ್ಷಣಕ್ಕೆ ಒಗ್ಗದ ಆ ಎರಡು ಸಾಹಿತ್ಯಗಳು ಹೀಗೆ ಒಂದೇ ಮೇಜಿನ ಮೇಲೆ, ದಿನದ ಎರಡು ಹೊತ್ತುಗಳಲ್ಲಿ, ನವೆಂಬರಿನವರೆಗೆ ನಡೆದವು. ಡಿಸೆಂಬರ್ 9ರಂದು, 49ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಕಾದಂಬರಿ 188ನೆಯ ಕಂತಿಗೆ ನಿಂತಿತ್ತು, ಮಧ್ಯಾಹ್ನದ ಪದ್ಯಗಳು ಎಪ್ಪತ್ತನ್ನು ದಾಟಿದ್ದವು.